ಕೋಣಗಳ ಪಾಲಿನ ಸಾರು

ಅಣ್ಣ ರಾತ್ರಿ ಊಟ ಬಿಟ್ಟಿದ್ದಾನೆಂದು ಮೋಹಿನಿ ಅತ್ತಿಗೆ ಫೋನ್ ಮಾಡಿದಾಗ ನಾನು ಮೂಡುಬಿದಿರೆಯ ನನ್ನ ಹೊಲಿಗೆ ಅಂಗಡಿಯಲ್ಲಿ ಮದುಮಗಳ ರವಿಕೆಗೆ ಹುಕ್ಕು ಹಚ್ಚುತ್ತಿದ್ದೆ.

"ಎರಡು ತುತ್ತು ತಿಂದು ಕೈ ತೊಳೀತಾರೆ ಹರಿಣಾಕ್ಷಿ. ಅಂಗಿ ಹೆಗಲಲ್ಲಿ ನಿಲ್ಲುವುದಿಲ್ಲ. ಡಾಕ್ಟ್ರು ಎಲ್ಲ ಪರೀಕ್ಷೆ ಮಾಡಿ ಏನೂ ಇಲ್ಲ ಅಂತಾರೆ."

ಏನೂ ಇಲ್ಲವಂತೆ. ಕಳೆದ ಮಾರ್ಚಿನಲ್ಲಿ ಅಣ್ಣ ತನ್ನ ಕಂಬಳದ ಕೋಣಗಳನ್ನು ಮಾರಿದ್ದ. ಈಗ ಡಿಸೆಂಬರ್, ಕಂಬಳದ ಕಾಲ. ಇಷ್ಟನ್ನು ತಿಳಿಯಲು ಪರೀಕ್ಷೆ ಯಾಕೆ ಬೇಕು? ಅಂಗಡಿಗೆ ಬಾಗಿಲು ಹಾಕಿ ಮಡಂತ್ಯಾರಿನ ಬಸ್ಸು ಹತ್ತಿದೆ.

ನಮ್ಮ ತವರಿನಲ್ಲಿ ಅಜ್ಜನ ಕಾಲದಿಂದಲೂ ಕೋಣಗಳಿದ್ದವು. ಚಳಿ ಶುರುವಾಯಿತೆಂದರೆ ಅವುಗಳನ್ನು ನೋಡಿಕೊಳ್ಳುತ್ತಿದ್ದ ಚನಿಯಪ್ಪ ಬೆಳಿಗ್ಗೆಯೇ ಅಂಗಳದಲ್ಲಿ ಮೂರು ಕಲ್ಲಿಟ್ಟು, ತಾಮ್ರದ ಹಂಡೆಯಲ್ಲಿ ಹುರುಳಿ ಬೇಯಲು ಹಾಕುತ್ತಿದ್ದ. ಮಧ್ಯಾಹ್ನ ಕಳೆಯುವಾಗ ಕಾಳು ಕೋಣಗಳಿಗೆ, ಬಸಿದ ನೀರು ನಮಗೆ. ಕಂದು ಬಣ್ಣದ ಆ ನೀರನ್ನು ಅಮ್ಮ ಅರ್ಧಕ್ಕೆ ಇಳಿಯುವ ತನಕ ಕುದಿಸಿ, ಹುರಿದ ಮೆಣಸು, ಕೊತ್ತಂಬರಿ, ಜೀರಿಗೆ ಅರೆದು ಹಾಕಿ, ಹುಣಸೆಹುಳಿ ಹಿಂಡಿ, ತೆಂಗಿನೆಣ್ಣೆಯಲ್ಲಿ ಒಂದು ಮುಷ್ಟಿ ಬೆಳ್ಳುಳ್ಳಿಯ ಒಗ್ಗರಣೆ ಕೊಡುತ್ತಿದ್ದಳು. ನೆರೆಯವರು ಸಾರಿಗೆಂದು ಪಾತ್ರೆ ಹಿಡಿದು ಬರುತ್ತಿದ್ದರು. ಅನ್ನಕ್ಕೆ ಮೊದಲು ನಾನೂ ಅಣ್ಣನೂ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದು ಲೋಟ ಕುಡಿಯುತ್ತಿದ್ದೆವು. ಮೂಗಿನಲ್ಲಿ ನೀರು ಇಳಿಯುತ್ತಿತ್ತು, ಹೊಟ್ಟೆ ಬೆಚ್ಚಗಾಗುತ್ತಿತ್ತು. ಘಟ್ಟದಿಂದ ಇಳಿದು ಬರುವ ಚಳಿಯನ್ನು ನಾವು ಕಂಬಳಿಗಿಂತ ಹೆಚ್ಚು ಆ ಸಾರಿನಿಂದಲೇ ಕಳೆದದ್ದು.

ಚನಿಯಪ್ಪ ತೀರಿಕೊಂಡ ಮೇಲೆ ಆ ಕೆಲಸವನ್ನೆಲ್ಲ ಅಣ್ಣನೇ ಮಾಡಿದ. ಮೊಣಕಾಲಿನ ಆಪರೇಷನ್ ಆದಮೇಲೆ ಆಗಲಿಲ್ಲ. ಬೊಳ್ಳ, ಕಾಳ ಎಂಬ ಆ ಎರಡೂ ಕೋಣಗಳನ್ನು ವೇಣೂರಿನ ರುಕ್ಮಯ್ಯ ಕೊಂಡುಹೋದರು. ಯಾವಾಗ ಬೇಕಾದರೂ ಬಂದು ನೋಡಿ ಎಂದು ಅವರು ಹೇಳಿಯೇ ಹೋಗಿದ್ದರು. ಅಣ್ಣ ಒಂದು ಸಲವೂ ಹೋಗಿರಲಿಲ್ಲ.

ನಾನು ಬಂದದ್ದೇ ಅತ್ತಿಗೆಯ ಮುಂದೆ ಜಂಭ ಕೊಚ್ಚಿದೆ. ಅಮ್ಮನ ಹುರುಳಿಸಾರು ಮಾಡಿ ಇವತ್ತೇ ಅವನಿಗೆ ಉಣ್ಣಿಸುತ್ತೇನೆ, ನೀವು ನೋಡಿ ಎಂದೆ. ಅರ್ಧ ಕಿಲೋ ಹುರುಳಿಯನ್ನು ಕುಕ್ಕರಿನಲ್ಲಿ ಎಂಟು ಸೀಟಿ ಕೂಗಿಸಿದೆ. ಮಸಾಲೆಗೆ ಏನೂ ಕಡಿಮೆ ಮಾಡಲಿಲ್ಲ. ಅಣ್ಣ ಒಂದು ಗುಟುಕು ಕುಡಿದು ಬಟ್ಟಲು ಕೆಳಗಿಟ್ಟ.

"ಹುರುಳಿ ತೊಳೆದ ನೀರಿನ ಹಾಗೆ ಉಂಟಲ್ಲ ಮಾರಾಯ್ತಿ" ಅಂದ.

ಅತ್ತಿಗೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಆದರೆ ಕುಡಿದು ನೋಡಿದರೆ ಅವನು ಹೇಳಿದ್ದು ನಿಜ.

ಹಾಸಿಗೆಯಲ್ಲಿ ಮಲಗಿ ಯೋಚಿಸಿದಾಗ ನನ್ನ ದಡ್ಡತನ ಗೊತ್ತಾಯಿತು. ಅಮ್ಮ ಯಾವತ್ತೂ ಸಾರಿಗೆಂದು ಹುರುಳಿ ಬೇಯಿಸಿದವಳಲ್ಲ. ಕೋಣಗಳಿಗೆ ಬೇಯುತ್ತಿತ್ತು, ನಾವು ಅದರ ನೀರು ಕುಡಿದು ಬೆಳೆದವರು. ಹತ್ತು ಕಿಲೋ ಕಾಳಿನ ಸತ್ವ ಅರ್ಧ ಕಿಲೋ ಕಾಳಿನಿಂದ ಎಲ್ಲಿ ಬರಬೇಕು?

ಮರುದಿನ ಬೆಳಿಗ್ಗೆ ಪೇಟೆಗೆ ಹೋಗಿ ಹತ್ತು ಕಿಲೋ ಹುರುಳಿ ಕೇಳಿದೆ.

"ಚಿದಾನಂದಣ್ಣ ಪುನಃ ಕೋಣ ತಂದರಾ?" ಎಂದು ಅಂಗಡಿಯವರು ಕೇಳಿದರು. ನಾನು ದುಡ್ಡು ಕೊಟ್ಟು ಚೀಲ ಎತ್ತಿಕೊಂಡೆ.

ಅಟ್ಟದಿಂದ ಹಂಡೆ ಇಳಿಸಿ, ಹುಣಸೆಹುಳಿ ಹಾಕಿ ತಿಕ್ಕಿ, ಅಂಗಳದಲ್ಲಿ ಬೆಂಕಿ ಹಾಕಿದೆ. ಹತ್ತು ಗಂಟೆಗೆ ವಾಸನೆ ಮನೆಯೊಳಗೆ ಹೋಗಿರಬೇಕು. ಅಣ್ಣ ಕೋಲೂರಿಕೊಂಡು ಬಂದು ಜಗಲಿಯಲ್ಲಿ ಕೂತ. ಸ್ವಲ್ಪ ಹೊತ್ತಿಗೆ ಅಂಗಳಕ್ಕೇ ಇಳಿದ.

"ಬೆಂಕಿ ಜೋರಾಯ್ತು. ಕಾಳು ಒಡೆದರೆ ಅವು ಮೂಸಿಯೂ ನೋಡುವುದಿಲ್ಲ" ಎಂದು ಒಂದು ಕೊಳ್ಳಿ ಹಿಂದಕ್ಕೆ ಎಳೆದ. ಆಮೇಲೆ ಹಂಡೆಯ ಹತ್ತಿರ ನನ್ನನ್ನು ಬಿಡಲೇ ಇಲ್ಲ.

ಮೂರು ಗಂಟೆಗೆ ನೀರು ಬಸಿದಾಗ ಅದೇ ಕಂದು ಬಣ್ಣ, ಅದೇ ಮಂದ. ಪಕ್ಕದಲ್ಲಿ ಬೆಂದ ಕಾಳಿನ ರಾಶಿ. ಇದನ್ನು ಏನು ಮಾಡುವುದೆಂದು ಅತ್ತಿಗೆ ನನ್ನ ಮುಖ ನೋಡಿದರು. ನಿಜ ಹೇಳಬೇಕೆಂದರೆ ನಾನು ಅಷ್ಟು ಮುಂದಕ್ಕೆ ಯೋಚಿಸಿರಲಿಲ್ಲ.

"ಚೆಲ್ಲಲಿಕ್ಕೆ ಆಗ್ತದಾ? ವೇಣೂರಿಗೆ ಹೋಗುವ, ಅಣ್ಣ" ಎಂದೆ.

"ಕೊಟ್ಟ ಮೇಲೆ ನೋಡಲಿಕ್ಕೆ ಹೋಗಬಾರದು. ನನ್ನನ್ನು ನೋಡಿದರೆ ಅವು ಹಗ್ಗ ಎಳೀತಾವೆ. ಪುನಃ ಬಿಟ್ಟು ಬರಲಿಕ್ಕೆ ನನ್ನಿಂದ ಆಗುವುದಿಲ್ಲ."

ಒಂಬತ್ತು ತಿಂಗಳು ಇವನ ಗಂಟಲಲ್ಲಿ ಅನ್ನವನ್ನು ತಡೆದು ನಿಲ್ಲಿಸಿದ್ದು ಈ ಹೆದರಿಕೆಯೇ ಎಂದು ನನಗೆ ಅನಿಸಿತು. ಬೆಂದ ಕಾಳು ನಾಳೆಗೆ ಹಳಸುತ್ತದೆ ಎಂದೆ. ಅವನು ಒಂದು ಹಿಡಿ ಕಾಳು ಹಿಚುಕಿ ನೋಡಿ, ಎದ್ದು ಅಂಗಿ ಹಾಕಿಕೊಂಡ. ರಿಕ್ಷಾ ಕರೆಸಿ, ಎರಡು ಬಕೆಟ್ ಕಾಳು ಇಟ್ಟುಕೊಂಡು ಹೋದ. ನೀನು ಬರುವುದು ಬೇಡ ಎಂದ.

ದೀಪ ಹಚ್ಚುವ ಹೊತ್ತಿಗೆ ಬಕೆಟ್ ಖಾಲಿಯಾಗಿ ಬಂತು. ಅಣ್ಣ ಕಾಲು ತೊಳೆದು ಒಳಗೆ ಕೂತ. ನಾನು ಸಾರು ಬಡಿಸಿದೆ. ಹೇಗಿದೆ ಎಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ಅವನು ಅರ್ಧ ಬಟ್ಟಲು ಕುಡಿದು, ಮೂಗು ಒರೆಸಿಕೊಂಡ.

"ಕಾಳು ಪೂರ ತಿಂದವು" ಅಂದ.

"ನಿಮ್ಮ ಗುರುತು ಹಿಡಿದವಾ?" ಅತ್ತಿಗೆ ಮೆಲ್ಲನೆ ಕೇಳಿದರು.

"ಇಲ್ಲ. ಬೊಳ್ಳ ನನ್ನ ಮುಖ ಕೂಡ ನೋಡಲಿಲ್ಲ. ರುಕ್ಮಯ್ಯ ಕರೆದರೆ ತಲೆ ಎತ್ತುತ್ತಾನೆ."

ಆ ಮೂಕಪ್ರಾಣಿಗಳ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅಣ್ಣನ ಮುಖ ಕಂಡಿತು. ಅವನ ಕಣ್ಣಲ್ಲಿ ನೀರಿತ್ತು. ಆದರೆ ಅವನು ನಗುತ್ತಿದ್ದ.

"ಮೈ ತುಂಬಿಕೊಂಡಿದ್ದಾವೆ ಹರಿಣಿ. ಚೆನ್ನಾಗಿದ್ದಾವೆ. ನಾನು ಸುಮ್ಮನೆ ಹೆದರಿದ್ದು" ಎಂದು ತಟ್ಟೆಯನ್ನು ನನ್ನ ಕಡೆಗೆ ದೂಡಿದ. "ಅನ್ನ ಹಾಕು. ಸ್ವಲ್ಪ ಜಾಸ್ತಿಯೇ ಹಾಕು."