ಅಫ್ಕಾರಳ ಸರದಿಯ ಚೀಟಿ

ಫಸೀಖ್ ಮರಳಿನ ತಟ್ಟೆಗೆ ಹೋಗಿ ಕೂತ, ಎದ್ದ, ಒಂದು ಸುತ್ತು ಹಾಕಿ ಮತ್ತೆ ಕೂತ. ಬೆಳಗಿನಿಂದ ಇದು ಹದಿನಾಲ್ಕನೆಯ ಸಲ. ಒಂದು ಹನಿ ಉಚ್ಚೆ ಇಲ್ಲ. ಇನ್ಸಾಫ್ ಹೊಲಿಗೆ ಯಂತ್ರದ ಮುಂದೆ ಕೂತದ್ದು ಹೆಸರಿಗೆ ಮಾತ್ರ, ಕಣ್ಣೆಲ್ಲ ಆ ತಟ್ಟೆಯ ಮೇಲೆ. ಶಾಲೆ ಶುರುವಾಗಲು ಹತ್ತೇ ದಿನ, ನಲವತ್ತು ಅಂಗಿ ಬಾಕಿ. ಇವಳು ನೋಡಿದರೆ ಒಂದೇ ಕಾಲರನ್ನು ಮೂರು ಸಲ ಹೊಲಿದು ಮೂರು ಸಲ ಬಿಚ್ಚಿದ್ದಳು. ಹದಿನೈದನೆಯ ಸಲ ಬೆಕ್ಕು ಕುಕ್ಕರಿಸಿ ನರಳಿದಾಗ ಕಾಲರನ್ನು ಅಲ್ಲೇ ಬಿಸಾಡಿದಳು. ಅವನನ್ನು ಈರುಳ್ಳಿ ಬುಟ್ಟಿಗೆ ತುಂಬಿ, ಮೇಲೊಂದು ಟವೆಲು ಕಟ್ಟಿ, ಎರಡು ಕಾಲಿಗೆ ಎರಡು ಬಣ್ಣದ ಚಪ್ಪಲಿ ಸಿಕ್ಕಿಸಿಕೊಂಡದ್ದನ್ನೂ ನೋಡದೆ ನಾಲ್ಕು ಮಹಡಿ ಇಳಿದಳು.

ಅಲೆಕ್ಸಾಂಡ್ರಿಯಾದ ಕರ್ಮೂಸಿನಲ್ಲಿ ಬೆಕ್ಕಿಗೇನು ಬರವಿಲ್ಲ. ಮೀನಿನಂಗಡಿಯ ಮುಂದೆ ಗಿರಾಕಿಗಳಿಗಿಂತ ಬೆಕ್ಕೇ ಹೆಚ್ಚು. ಇಂಥ ಕಡೆ ಒಂದು ಬೆಕ್ಕಿಗಾಗಿ ಜೀವ ಕೈಯಲ್ಲಿ ಹಿಡಿದು ಓಡುವವಳನ್ನು ಕಂಡರೆ ಯಾರಿಗಾದರೂ ನಗು ಬರುತ್ತದೆ. ಆದರೆ ಈ ಫಸೀಖ್ ಏಳು ವರ್ಷದ ಹಿಂದೆ, ವಸಂತದ ಹಬ್ಬದ ದಿನ, ಅವಳ ತಟ್ಟೆಯಿಂದ ಉಪ್ಪುಮೀನು ಎಗರಿಸಿ, ಬೈದರೂ ಹೋಗದೆ ಅಲ್ಲೇ ಮಲಗಿ ನಿದ್ದೆ ಹೊಡೆದವನು. ಆ ಮೀನಿನ ಹೆಸರೇ ಅವನ ಹೆಸರಾಯಿತು. ಗಂಡನೆನ್ನುವವನು ಇನ್ನೊಬ್ಬಳನ್ನು ಕಟ್ಟಿಕೊಂಡು ತಾಂತಾ ಊರಿಗೆ ಹೋಗಿ ಇಪ್ಪತ್ತು ವರ್ಷ ಆಗಿತ್ತು. ಮಕ್ಕಳಿಲ್ಲ. ಐವತ್ತೆಂಟರ ಇನ್ಸಾಫ್ ಆ ಬೆಕ್ಕನ್ನು ಪ್ರೀತಿಸುತ್ತಿದ್ದಳು. ಇದನ್ನು ಸುತ್ತಿ ಬಳಸಿ ಹೇಳುವುದೇಕೆ?

ಟ್ರಾಮ್ ನಿಲ್ದಾಣದ ಹಿಂದಿನ ಪ್ರಾಣಿಗಳ ಆಸ್ಪತ್ರೆಯಲ್ಲಿ ಡಾಕ್ಟರ್ ವಗ್ದಿ ನಳಿಗೆ ಹಾಕಿ ಬೆಕ್ಕಿನ ಮೂತ್ರ ಬಿಡಿಸಿದ.

“ತಿಂಗಳಲ್ಲಿ ಇದು ಎರಡನೇ ಸಲ ಅಮ್ಮಾ. ನಾನು ಬಿಡಿಸ್ತಾ ಇರ್ತೀನಿ, ಅದು ಕಟ್ಕೊಳ್ತಾ ಇರತ್ತೆ. ಕೊಯ್ದು ದಾರಿನೇ ಅಗಲ ಮಾಡ್ಬೇಕು. ಬುಧವಾರ ಮಾಡಿಬಿಟ್ರೆ ಉಳೀತಾನೆ.”

“ಮಾಡದಿದ್ರೆ?”

ಡಾಕ್ಟರ್ ಕೈ ತೊಳೆಯಲು ಹೋದ. ಉತ್ತರವನ್ನು ಮೇಜಿನ ಹಿಂದೆ ಕೂತಿದ್ದ ಹುಡುಗಿ ಬೇರೆ ರೀತಿಯಲ್ಲಿ ಕೊಟ್ಟಳು: ಆಪರೇಶನ್, ಔಷಧಿ, ನಾಲ್ಕು ದಿನ ಇರಿಸಿಕೊಳ್ಳುವುದು ಸೇರಿ ಒಂಬತ್ತೂವರೆ ಸಾವಿರ ಪೌಂಡ್. ಇನ್ಸಾಫಳ ಪರ್ಸಿನಲ್ಲಿದ್ದುದು ಅವತ್ತಿನ ನಳಿಗೆಗೇ ಮುಗಿಯಿತು. ಅಂದು ಸೋಮವಾರ; ಬುಧವಾರದವರೆಗೆ ಬೆಕ್ಕನ್ನು ಅಲ್ಲೇ ಇರಿಸಿಕೊಂಡರು.

ಹುಡುಗಿ ಒಳ್ಳೆಯವಳು. ಪ್ರಾಣಿದಯೆಯ ಒಂದು ಸಂಘದ ಫೋನ್ ನಂಬರು ಬರೆದುಕೊಟ್ಟಳು. ಇನ್ಸಾಫ್ ಅಲ್ಲೇ ಫುಟ್‌ಪಾತಿನಲ್ಲಿ ನಿಂತು, ಟ್ರಾಮಿನ ಗದ್ದಲದಲ್ಲಿ ಒಂದು ಕಿವಿ ಮುಚ್ಚಿಕೊಂಡು ಫೋನ್ ಮಾಡಿದಳು.

“ಬೀದಿ ಬೆಕ್ಕೋ, ಸಾಕಿದ್ದೋ?” ಅತ್ತಲಿಂದ ಒಬ್ಬಾಕೆ ಕೇಳಿದಳು.

“ಸಾಕಿದ್ದು. ಆದ್ರೆ ಬೀದೀಲೇ ಸಿಕ್ಕಿದ್ದು.”

“ಎಷ್ಟು ದಿನ ಆಯ್ತು ಸಿಕ್ಕಿ?”

“ಏಳು ವರ್ಷ.”

“ನಮ್ದು ದಿಕ್ಕಿಲ್ಲದ ಪ್ರಾಣಿಗಳಿಗೆ ಮಾತ್ರ ಕಣಮ್ಮಾ. ಬೀದೀದು ಅಂತ ಬರಕೊಂಡ್ರೆ, ವಾಸಿ ಆದ್ಮೇಲೆ ಬೀದಿಗೇ ಬಿಡ್ತೀವಿ. ಒಪ್ಗೆನಾ?”

ಇನ್ಸಾಫ್ ಫೋನ್ ಇಟ್ಟಳು. ಉಳಿಸಿ ಬೀದಿಗೆ ಬಿಡುವ ದಯೆ ಅವಳಿಗೆ ಅರ್ಥವಾಗಲಿಲ್ಲ, ನನಗೂ ಆಗಿಲ್ಲ. ಅಲ್ಲಿಂದ ಸಮವಸ್ತ್ರದ ಅಂಗಡಿಯವನ ಹತ್ತಿರ ಮುಂಗಡ ಕೇಳಲು ಹೋದಳು. ಅವನು “ಮೊದ್ಲು ನಲವತ್ತು ಅಂಗಿ ತಾ, ಆಮೇಲೆ ಮಾತು” ಎಂದ. ಆಸ್ಪತ್ರೆಯ ಹುಡುಗಿ ಬೆಕ್ಕಿನ ಫೋಟೊ ತೆಗೆದು ಫೇಸ್‌ಬುಕ್ಕಿಗೆ ಹಾಕಿದ್ದಳು. ಸಂಜೆಯೊಳಗೆ ಇಪ್ಪತ್ತಾರು ಜನ ಅಳುವ ಮುಖ ಕಳಿಸಿದ್ದರು, ದುಡ್ಡು ಕಳಿಸಿದವರು ಯಾರೂ ಇಲ್ಲ. ಇನ್ಸಾಫ್ ಮನೆಗೆ ಬಂದು ಕೂತಳು, ಎದ್ದಳು, ಒಲೆ ಹಚ್ಚಿದಳು, ಏನಕ್ಕೆ ಹಚ್ಚಿದೆನೆಂದು ಮರೆತು ಆರಿಸಿದಳು.

ಉಳಿದದ್ದು ಚೀಟಿ. ಬೀದಿಯ ಹತ್ತು ಹೆಂಗಸರು, ತಿಂಗಳಿಗೆ ತಲೆಗೊಂದು ಸಾವಿರ, ತಿಂಗಳಿಗೊಬ್ಬಳು ಹತ್ತು ಸಾವಿರ ಎತ್ತುತ್ತಾಳೆ. ಹರಾಜಿಲ್ಲ, ಬಡ್ಡಿಯಿಲ್ಲ. ಯಾರ ಸರದಿ ಯಾವಾಗ ಎಂದು ಮೊದಲೇ ಕೂತು ಗೊತ್ತು ಮಾಡಿರುತ್ತಾರೆ. ಅವತ್ತು ಎಲ್ಲರೂ ಮೊದಲ ತಿಂಗಳಿಗಾಗಿ ಕಿತ್ತಾಡುವಾಗ “ನಂಗೇನು ಅವಸರ, ಕೊನೇದು ನಂಗಿರಲಿ” ಎಂದು ದೊಡ್ಡಸ್ತಿಕೆ ತೋರಿಸಿದವಳು ಇದೇ ಇನ್ಸಾಫ್. ಈಗ ಆರನೆಯ ತಿಂಗಳು, ಸರದಿ ಎರಡನೇ ಮಹಡಿಯ ಅಫ್ಕಾರಳದು. ಅವಳ ಮಗಳು ರೀಹಾಮಳ ಮದುವೆ ಮುಂದಿನ ತಿಂಗಳು. ಹೆಣ್ಣಿನ ಕಡೆಯವರು ಕೊಡಬೇಕಾದ ಐದು ಬರ್ನರಿನ ಗ್ಯಾಸ್ ಒಲೆ ಈ ದುಡ್ಡಿನಲ್ಲೇ ಬರಬೇಕು.

ಸರದಿ ಅದಲು ಬದಲು ಮಾಡಿಕೊಳ್ಳುವುದೂ ಉಂಟು. ಸಾವು, ಸೆರೆಮನೆ, ಆಪರೇಶನ್, ಈ ಮೂರಕ್ಕೆ ನಮ್ಮಲ್ಲಿ ಯಾರೂ ಇಲ್ಲವೆನ್ನುವುದಿಲ್ಲ. ಹೆಚ್ಚು ಕೆದಕಿ ಕೇಳುವುದೂ ಇಲ್ಲ.

ಮಂಗಳವಾರ ಬೆಳಿಗ್ಗೆಯೇ ಇನ್ಸಾಫ್ ಚೀಟಿ ನಡೆಸುವ ಹಾಜ್ಜಾ ಬುಸೈನಾಳ ಮನೆಗೆ ಹೋದಳು. ಮೆಕ್ಕಾ ಯಾತ್ರೆ ಮುಗಿಸಿ ಬಂದ ಮುದುಕಿ, ಬೀದಿಗೆಲ್ಲ ಹಿರಿಯಳು. ಕಾಲು ಚಾಚಿ ಕೂತು ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದಳು.

“ಹಾಜ್ಜಾ, ಈ ತಿಂಗಳ ಚೀಟಿ ನಂಗೆ ಬೇಕಿತ್ತು.”

“ನಿಂಗಾ? ಕೊನೇದೇ ಸಾಕು ಅಂದವಳು ನೀನೇ ತಾನೇ? ಏನು, ಮದುವೆ ಗಿದುವೆ ಮಾಡ್ಕೊಳ್ತಿದೀಯೋ?”

“ಆಪರೇಶನ್ನು.”

ಸೊಪ್ಪು ಬಿಡಿಸುವ ಕೈ ನಿಂತಿತು. ಬುಸೈನಾ ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಗುಳಿಬಿದ್ದ ಕಣ್ಣು, ಬಾಚದ ತಲೆ, ಕೂತಲ್ಲಿ ಕೂರಲಾರದ ಮೈ.

“ಯಾವಾಗ ಗೊತ್ತಾಯ್ತು?”

“ನಿನ್ನೆ. ನಾಳೇನೇ ಮಾಡ್ಸಬೇಕಂತೆ. ಇಲ್ದಿದ್ರೆ…”

“ಬೇಡ. ಬಾಯಲ್ಲಿ ಆಡ್ಬೇಡ ಅದನ್ನ.”

ನಮ್ಮ ಬೀದಿಯಲ್ಲಿ ಗಡ್ಡೆ ಕಟ್ಟುವ ಆ ಕೆಟ್ಟ ಕಾಯಿಲೆಯ ಹೆಸರು ಹೇಳುವವರಿಲ್ಲ. ಹೆಸರು ಹಿಡಿದು ಕರೆದರೆ ಮನೆಗೆ ಬರುತ್ತದೆ ಎಂಬಂತೆ ಎಲ್ಲರೂ ಬಾಯಿಗೆ ಕೈ ಅಡ್ಡ ಇಡುತ್ತಾರೆ. ಬುಸೈನಾಳ ಕೈಯೂ ಬಾಯಿಗೆ ಹೋಗಿತ್ತು, ಕಣ್ಣು ತುಂಬಿತ್ತು. ಇಲ್ಲ ಹಾಜ್ಜಾ, ಬೆಕ್ಕಿಗೆ ಎಂಬ ಮಾತು ಇನ್ಸಾಫಳ ನಾಲಿಗೆಯ ತುದಿಗೆ ಬಂದಿತ್ತು. ಅದು ಹೊರಬಿದ್ದರೆ ಮುದುಕಿ ನಗುತ್ತಾಳೆ, ಮತ್ತೆ ಸೊಪ್ಪಿಗೆ ಕೈಹಾಕುತ್ತಾಳೆ, ಫಸೀಖ್ ಸಾಯುತ್ತಾನೆ. ಅವಳು ತುಟಿ ಕಚ್ಚಿ ನಿಂತಳು. ನಾನೇನೂ ಸುಳ್ಳು ಹೇಳಲಿಲ್ಲ ಎಂದು ಮೆಟ್ಟಿಲು ಹತ್ತುವಾಗ ತನಗೆ ತಾನೇ ಹೇಳಿಕೊಂಡಳು. ಹೇಳಿದ್ದು ಸುಳ್ಳೇ ಎಂದೂ ಅವಳಿಗೆ ಗೊತ್ತಿತ್ತು.

ಮಧ್ಯಾಹ್ನ ಅಫ್ಕಾರ್ ತಾನೇ ಲಕೋಟೆ ತಂದುಕೊಟ್ಟಳು. ಗಟ್ಟಿ ಹೆಂಗಸು, ಮಾತು ಸ್ವಲ್ಪ ಒರಟು, ಇಬ್ಬರಿಗೂ ಅಷ್ಟೇನೂ ಸಲಿಗೆಯಿರಲಿಲ್ಲ.

“ತಗೋ. ನಿನ್ನ ಹತ್ತನೇ ತಿಂಗಳು ನಂಗಿರಲಿ. ರೀಹಾಮ್‌ಗೆ ಹೇಳಿದೀನಿ, ಅಲ್ಲೀತನಕ ನನ್ನ ಹಳೇ ಒಲೆ ತಗೊಂಡ್ಹೋಗ್ಲಿ. ಅವಳ ಅತ್ತೆ ಮೂಗು ಮುರಿದ್ರೆ ಮುರೀಲಿ.”

“ಅಫ್ಕಾರ್, ಕೇಳಿಲ್ಲಿ…”

“ಏನೂ ಕೇಳಲ್ಲ. ಹೋಗು, ತಡ ಮಾಡ್ಬೇಡ.”

ತಡ ಮಾಡಲಿಲ್ಲ. ಹೋಗಿ ದುಡ್ಡು ಕಟ್ಟಿದಳು. ಬುಧವಾರ ಬೆಳಿಗ್ಗೆ ಆಪರೇಶನ್ ಆಯಿತು. ಅಡ್ಡಿಯಿಲ್ಲದೆ ಮೂತ್ರ ಬರುತ್ತಿದೆ, ಇನ್ನು ಎಚ್ಚರವಾಗಿ ತಿನ್ನಲು ಶುರು ಮಾಡಿದರೆ ಗೆದ್ದಂತೆ ಎಂದು ಡಾಕ್ಟರ್ ಹೇಳಿ ಅವಳನ್ನು ಮನೆಗೆ ಕಳಿಸಿದ. ಅವಳ ಮೈಮೇಲಿನ ಒಂದು ಭಾರ ಇಳಿಯಿತು, ಇನ್ನೊಂದು ಏರಿತು. ಅಫ್ಕಾರಳ ಮನೆಯ ಬಾಗಿಲು ದಾಟುವಾಗ ಕಳ್ಳಿಯ ಹಾಗೆ ಕಾಲ ತುದಿಯಲ್ಲಿ ನಡೆದಳು. ಅಂಗಿ ಹೊಲಿಯಲು ಕೂತರೆ ದಾರ ಕಡಿಯಿತು, ಮಲಗಿದರೆ ಹಾಸಿಗೆ ಚುಚ್ಚಿತು.

ಗುರುವಾರ ಮಧ್ಯಾಹ್ನ ಚೀಟಿಯವರೆಲ್ಲ ಸೇರಿ ಕಾಯಿಲೆ ವಿಚಾರಿಸಲು ಬಂದರು. ಪೇರಲೆ ರಸದ ಡಬ್ಬಿಗಳು, ಎರಡು ಕಿಲೊ ಕಿತ್ತಳೆ, ಬಟ್ಟೆ ಹೊದಿಸಿದ ಸೂಪಿನ ಪಾತ್ರೆ. ಒಂದೇ ದಿನಕ್ಕೆ ಮನೆಗೆ ಕಳಿಸಿದ ಡಾಕ್ಟರನ್ನು ಬಂದವರೆಲ್ಲ ಚೆನ್ನಾಗಿ ಬೈದರು. ಯಾರೋ ಅವಳ ಬೆನ್ನಿಗೆ ದಿಂಬು ಕೊಟ್ಟರು. ಮೂಲೆಯಲ್ಲಿದ್ದ ಖಾಲಿ ಮರಳಿನ ತಟ್ಟೆ ನೋಡಿ ಬುಸೈನಾ ಪಕ್ಕದವಳಿಗೆ ಪಿಸುಗುಟ್ಟಿದಳು, “ಬೆಕ್ಕನ್ನೂ ಯಾರಿಗೋ ಕೊಟ್ಟುಬಿಟ್ಟಿದಾಳೆ ಪಾಪ. ಮನಸ್ಸು ಗಟ್ಟಿ ಮಾಡ್ಕೊಂಡಿದಾಳೆ.”

ಇನ್ಸಾಫ್ ದಿಂಬನ್ನು ತಳ್ಳಿ ಎದ್ದು ನಿಂತಳು.

“ನಂಗೇನೂ ಆಗಿಲ್ಲ. ಆಪರೇಶನ್ ಆಗಿದ್ದು ಬೆಕ್ಕಿಗೆ. ಫಸೀಖ್‌ಗೆ. ಉಚ್ಚೆ ಕಟ್ಕೊಂಡಿತ್ತು.”

ಬುಸೈನಾ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡು ನಕ್ಕಳು.

“ನೋಡ್ರೇ ಇವಳನ್ನ. ಈ ಸ್ಥಿತೀಲೂ ನಮ್ಮನ್ನ ನಗಿಸ್ತಾಳೆ.”

“ನಮ್ಮಮ್ಮನೂ ಹೀಗೇನೇ,” ಮತ್ತೊಬ್ಬಳೆಂದಳು. “ಕೊನೇವರ್ಗೂ ಬರೀ ವಾಯು, ಬರೀ ವಾಯು ಅಂತಿದ್ಲು.”

“ದೇವರಾಣೆಗೂ ನಿಜ ಹೇಳ್ತಿದೀನಿ.”

“ಆಣೆ ಎಲ್ಲ ಯಾಕೆ ಅಕ್ಕಾ? ನೀ ಹೇಳದಿದ್ರೂ ನಾವು ಕೇಳಲ್ಲ. ಕೂತ್ಕೋ.”

ನಿಜವನ್ನು ಬಾಯಿಬಿಟ್ಟು ಹೇಳಿದರೂ ನಂಬದ ಜನರ ಮುಂದೆ ಏನು ಮಾಡಬೇಕು? ಇನ್ಸಾಫ್ ಯಂತ್ರದ ಡ್ರಾಯರಿನಿಂದ ಆಸ್ಪತ್ರೆಯ ರಸೀತಿ ತೆಗೆದು ಬುಸೈನಾಳ ಕೈಗಿಟ್ಟಳು. ಕನ್ನಡಕವಿಲ್ಲದ ಮುದುಕಿ ಅದನ್ನು ಅಫ್ಕಾರಳಿಗೆ ದಾಟಿಸಿದಳು. ಅಫ್ಕಾರ್ ಓದಿದಳು. ಪ್ರಾಣಿ: ಬೆಕ್ಕು, ಗಂಡು, ವಯಸ್ಸು ಏಳು. ಮತ್ತೊಮ್ಮೆ ಓದಿದಳು. ಅವಳ ಕಿವಿ ಕೆಂಪಾಯಿತು. ರಸೀತಿಯನ್ನು ಮಡಚಿ, ಇನ್ನೂ ಚಿಕ್ಕದಾಗಿ ಮಡಚಿ, ಮುಷ್ಟಿಯಲ್ಲಿ ಹಿಡಿದಳು.

“ಹೂಂ, ಆಸ್ಪತ್ರೆ ರಸೀತಿನೇ. ಏಳಿ ಎಲ್ರೂ, ಅವಳು ಮಲಗ್ಲಿ. ನಾನು ಸೂಪು ಕುಡಿಸಿ ಬರ್ತೀನಿ.”

ಬಾಗಿಲು ಮುಚ್ಚಿತು. ಅಫ್ಕಾರ್ ಅದಕ್ಕೆ ಬೆನ್ನು ಕೊಟ್ಟು ನಿಂತಳು.

“ನಿನ್ನ ಹೆಸರಲ್ಲಿ ಮೂರು ದಿನ ಉಪವಾಸ ಹೊತ್ತಿದೀನಿ. ಎರಡು ದಿನದಿಂದ ಹಗಲೆಲ್ಲ ಒಂದು ತೊಟ್ಟು ನೀರು ಕುಡಿದಿಲ್ಲ ನಾನು, ಒಂದು ಬೆಕ್ಕು ಉಚ್ಚೆ ಹೊಯ್ಲಿ ಅಂತ.”

“ತಪ್ಪಾಯ್ತು ಅಫ್ಕಾರ್.”

“ಅವತ್ತೇ ಹೇಳೋಕೇನಾಗಿತ್ತು?”

“ಹೇಳಿದ್ರೆ ಕೊಡ್ತಿದ್ಯಾ?”

ಅಫ್ಕಾರ್ ಯೋಚಿಸಿದಳು. “ಇಲ್ಲ.”

“ಅದಕ್ಕೇ ಹೇಳ್ಲಿಲ್ಲ. ದುಡ್ಡು ಈಗ ಆಸ್ಪತ್ರೇಲಿದೆ, ವಾಪಸ್ ಬರಲ್ಲ. ಕೆಳಗೆ ಹೋಗಿ ನಾನೇ ಎಲ್ರಿಗೂ ಕೂಗಿ ಹೇಳ್ತೀನಿ, ಬೈಸ್ಕೊಳ್ತೀನಿ.”

“ಬಾಯಿ ಮುಚ್ಚು. ಮಗಳ ಒಲೇನ ಬೆಕ್ಕಿಗೆ ಕೊಟ್ಟವಳು ಅಂತ ಇಡೀ ಕರ್ಮೂಸು ನಗತ್ತೆ ನನ್ನ ನೋಡಿ. ರೀಹಾಮಳ ಅತ್ತೆಗಂತೂ ಹಬ್ಬ. ಸಾಯೋಳಿಗೆ ಕೊಟ್ಟೆ ಅಂದ್ರೆ ಅದೊಂದು ಮರ್ಯಾದೆ. ನೀನು ಕಾಯಿಲೆಯವಳು, ಗೊತ್ತಾಯ್ತಾ? ನೀನು ಹುಷಾರಾದೆ ಅಂತ ನಾನು ಹೇಳೋವರ್ಗೂ ಕಾಯಿಲೆಯವಳು.”

ಆಗಲೇ ಫೋನ್ ಬಂತು. ಆಸ್ಪತ್ರೆಯ ಹುಡುಗಿ.

“ಅಮ್ಮಾ, ನಿನ್ನೆನೇ ಎಚ್ಚರ ಆಗಿದೆ, ಆದ್ರೆ ಯಾರನ್ನೂ ಹತ್ರ ಬಿಡ್ತಿಲ್ಲ, ಡಾಕ್ಟ್ರನ್ನೂ ಕಚ್ಚಿದೆ. ಸೋಮವಾರದಿಂದ ಏನೂ ತಿಂದಿಲ್ಲ. ಇವತ್ತೂ ತಿನ್ನದಿದ್ರೆ ಉಳಿಯೋದು ಕಷ್ಟ ಅಂತಾರೆ. ನೀವೇ ಬಂದು ತಿನ್ನಿಸಿ ನೋಡಿ. ಐದಕ್ಕೆ ಮುಚ್ತೀವಿ, ನಾಳೆ ಶುಕ್ರವಾರ, ಡಾಕ್ಟ್ರು ಇರಲ್ಲ.”

ನಾಲ್ಕೂವರೆಯಾಗಿತ್ತು. ಇನ್ಸಾಫ್ ಬಾಗಿಲಿಗೆ ನುಗ್ಗಿದಳು. ಅಫ್ಕಾರ್ ಅವಳ ರಟ್ಟೆ ಹಿಡಿದಳು.

“ಎಲ್ಲಿಗೆ? ಕೆಳಗೆ ಎಲ್ರೂ ಮೆಟ್ಟಿಲ ಮೇಲೇ ಕೂತಿದಾರೆ. ನಿನ್ನೆ ಕೊಯ್ಸಿಕೊಂಡವಳು ಇವತ್ತು ಓಡ್ತಾಳಾ?”

“ಬಿಡೇ. ಅವನು ತಿಂದಿಲ್ಲ.”

“ಬಿಡಲ್ಲ. ನನ್ನ ಮೇಲೆ ಭಾರ ಹಾಕು. ಬೆನ್ನು ಬಗ್ಗಿಸು. ಇನ್ನೂ ಸ್ವಲ್ಪ.”

ಆ ನಾಲ್ಕು ಮಹಡಿ ಇಳಿದಷ್ಟು ನಿಧಾನವಾಗಿ ಇನ್ಸಾಫ್ ಜೀವಮಾನದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ. ಕಾಲಿಗೆ ಕಿಚ್ಚು ಹತ್ತಿದಂತಿತ್ತು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲಿಡು ಎಂದು ಅಫ್ಕಾರ್ ಕಿವಿಯಲ್ಲಿ ಗದರಿದಳು, ಅವಸರ ಕಂಡಾಗೆಲ್ಲ ಪಕ್ಕೆಗೆ ಚಿವುಟಿದಳು. ಆ ನೋವಿಗೆ ಇನ್ಸಾಫ್ ನಿಜವಾಗಿಯೂ ನರಳಿದಳು. ಕೆಳಗಿನ ಹೆಂಗಸರು ದಡಬಡಿಸಿ ಎದ್ದು ದಾರಿ ಬಿಟ್ಟರು.

“ಡ್ರೆಸ್ಸಿಂಗ್ ಬದಲಿಸ್ಬೇಕಂತೆ,” ಅಫ್ಕಾರ್ ಎಲ್ಲರಿಗೂ ಕೇಳುವಂತೆ ಹೇಳಿದಳು.

“ಆಟೊ ಕರೀಲಾ?” ಎಂದಳು ಒಬ್ಬಳು. ಇನ್ಸಾಫ್ ಹೂಂ ಎನ್ನಲು ತಲೆಯೆತ್ತಿದಳು.

“ಬೇಡ, ಕುಲುಕಾಟ ತಡಕೊಳ್ಳಲ್ಲ ಇವಳು,” ಎಂದಳು ಅಫ್ಕಾರ್, ತನ್ನ ಸುಳ್ಳಿನ ಮೇಲೆ ತಾನೇ ಅಭಿಮಾನಪಟ್ಟುಕೊಂಡು.

ಬುಸೈನಾ ಇನ್ಸಾಫಳ ನೆತ್ತಿಯ ಮೇಲೆ ಕೈಯಿಟ್ಟು ಪ್ರಾರ್ಥನೆ ಶುರು ಮಾಡಿದಳು. ಉದ್ದದ ಪ್ರಾರ್ಥನೆ. ಮಧ್ಯೆ ಮಧ್ಯೆ ಉಳಿದವರು ಆಮೀನ್ ಎಂದರು. ಇನ್ಸಾಫ್ ತಲೆ ತಗ್ಗಿಸಿ ನಿಂತಳು. ಇವರೆಲ್ಲ ಇಷ್ಟು ಒಳ್ಳೆಯವರಾಗಿರದಿದ್ದರೆ ಎಷ್ಟು ಸುಲಭವಿತ್ತು ಎಂದು ಅವಳಿಗೆ ಅಳು ಬಂತು, ಆ ಅಳುವಿನ ನಡುವೆಯೂ ಕಿವಿ ಮಸೀದಿಯ ಎದುರಿನ ಗಡಿಯಾರದಂಗಡಿಯ ಕಡೆಗಿತ್ತು. ಅಲ್ಲಿ ನಾಲ್ಕೂಮುಕ್ಕಾಲು ಹೊಡೆಯಿತು. ಕಣ್ಣೀರು ಕಂಡು ಹೆಂಗಸರೂ ಅತ್ತರು.

ಕೊನೆಗೂ ಬಿಟ್ಟರು. ಇಬ್ಬರೂ ಬೀದಿಯುದ್ದಕ್ಕೂ ತೋಳಿಗೆ ತೋಳು ಕೊಟ್ಟು, ಹೆಜ್ಜೆ ಮೇಲೆ ಹೆಜ್ಜೆ ಇಟ್ಟು ನಡೆದರು. ಬಾಲ್ಕನಿಗಳಿಂದ ಜನ ನೋಡುತ್ತಿದ್ದರು. ಕಬ್ಬಿನ ಹಾಲಿನ ಅಂಗಡಿಯ ತಿರುವು ದಾಟಿದ ಮೇಲೆ ಅಫ್ಕಾರ್ ನಿಂತು ಹಿಂದೆ ನೋಡಿದಳು. ಅವಳ ತುಟಿ ಒಣಗಿ ಬಿರಿದಿತ್ತು. ಹಿಡಿದ ರಟ್ಟೆಯನ್ನು ಬಿಟ್ಟಳು.

“ಯಾರೂ ಕಾಣಲ್ಲ ಇಲ್ಲಿಂದ,” ಎಂದಳು. “ಈಗ ಓಡು.”

ಇನ್ಸಾಫ್ ಲಂಗ ಎತ್ತಿ ಹಿಡಿದು ಓಡಿದಳು. ಅಫ್ಕಾರ್ ಆ ತಿರುವಿನಲ್ಲೇ ಬೀದಿಯ ಕಡೆ ಮುಖ ಮಾಡಿ, ಸೊಂಟಕ್ಕೆ ಕೈಯಿಟ್ಟು ಕಾವಲು ನಿಂತಳು.