ಅರ್ಧಿಂಚಣ್ಣನ ಬೆಳಗಿನ ಅಳತೆ

ಮೂವತ್ತೆರಡು ವರ್ಷದಿಂದ ಸೂಜಿ ಹಿಡಿದು ಸಂಸಾರ ಸಾಕಿದ ದರ್ಜಿ. ಆದರೆ ಬೆಳಿಗ್ಗೆ ಆರು ಗಂಟೆಗೆ ಸಕ್ಕರೆ ಪರೀಕ್ಷೆಯ ಸೂಜಿ ಬೆರಳ ಹತ್ತಿರ ಬಂದರೆ ಸಾಕು, ಕಣ್ಣು ಮುಚ್ಚಿ ಹಲ್ಲು ಕಚ್ಚಿ ಕೂರುತ್ತಾರೆ. ಹೆಂಡತಿ ನಗುತ್ತಾರೆ. ಆಮೇಲೆ ಮೀಟರಿನಲ್ಲಿ ಅಂಕಿ ಬರುತ್ತದೆ. ಆಗ ಇಬ್ಬರೂ ನಗುವುದಿಲ್ಲ.

ಅವತ್ತು ಬಂದದ್ದು ನೂರ ಎಪ್ಪತ್ನಾಲ್ಕು.

"ರಾತ್ರಿಯಿಡೀ ಬಾಯಿಗೆ ಒಂದು ಕಾಳೂ ಹಾಕಿಲ್ಲ. ಈ ಸಕ್ಕರೆ ಎಲ್ಲಿಂದ ಬಂತು? ಕನಸಲ್ಲಿ ತಿಂದ್ನಾ?" ಎಂದರು ದರ್ಜಿ.

"ಕನಸಲ್ಲಿ ತಿಂದಿದ್ರೆ ನನಗೂ ಒಂದು ತುತ್ತು ಕೊಡಬೇಕಿತ್ತು," ಎಂದರು ಹೆಂಡತಿ.

ಬೀದಿಯವರು ಅವರನ್ನು ಅರ್ಧಿಂಚಣ್ಣ ಎಂದೇ ಕರೆಯುತ್ತಾರೆ. ಯಾರ ಅಳತೆ ತೆಗೆದರೂ "ಅರ್ಧ ಇಂಚು ಜಾಸ್ತಿ ಇರ್ಲಿ, ಮುಂದೆ ಬೇಕಾಗುತ್ತೆ" ಎನ್ನುವುದು ಅವರ ಅಭ್ಯಾಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ಉದ್ದನೆಯ ಮೇಜು, ಎರಡು ಹೊಲಿಗೆ ಯಂತ್ರ, ಗೋಡೆಯ ಮೊಳೆಗೆ ನೇತಾಡುವ ಟೇಪು, ಮೂಲೆಯಲ್ಲಿ ಇಸ್ತ್ರಿ ಪೆಟ್ಟಿಗೆ. ಅವರು ಕತ್ತರಿಸಿ ಹೊಲಿಯುತ್ತಾರೆ. ಹೆಂಡತಿ ಕಾಜಾ ಹಾಕಿ, ಗುಂಡಿ ಹಚ್ಚಿ, ಇಸ್ತ್ರಿ ಮಾಡುತ್ತಾರೆ. ಮೇಜಿನ ಡ್ರಾಯರಿನಲ್ಲಿ ಅಳತೆ ಪುಸ್ತಕ. ಬೀದಿಯ ಎಲ್ಲರ ಎದೆ, ಸೊಂಟ, ತೋಳು ಅದರಲ್ಲಿದೆ. ಒಬ್ಬೊಬ್ಬರಿಗೆ ಒಂದೊಂದು ಪುಟ.

ಅವರಿಗೆ ಸಕ್ಕರೆ ಕಾಯಿಲೆ ಬಂದು ಎರಡು ವರ್ಷ. ಬೆಳಿಗ್ಗೆ ಒಂದು, ರಾತ್ರಿ ಒಂದು ಮಾತ್ರೆ, ಎರಡೂ ಊಟದ ಜೊತೆಗೆ. ಇಷ್ಟು ದಿನ ಹೇಗೋ ನಡೆದಿತ್ತು. ಈಚೆಗೆ ಒಂದು ತಿಂಗಳಿಂದ ಬೆಳಗಿನ ಅಂಕಿ ಮಾತ್ರ ಹಠ ಹಿಡಿದು ಕೂತಿತ್ತು.

ಅದಕ್ಕೆ ಔಷಧ ಹೇಳಿದ್ದು ಅಂಚೆಯಣ್ಣ. ಬೀದಿಗೆ ಟಪಾಲು ಹಂಚುವವರು, ಅರ್ಧಿಂಚಣ್ಣನ ಬಾಲ್ಯದ ಗೆಳೆಯರು. ಪ್ರತಿ ಮನೆಗೂ ಕಾಗದದ ಜೊತೆ ಒಂದು ಸಲಹೆಯನ್ನೂ ಕೊಟ್ಟು ಹೋಗುವುದು ಅವರ ರೂಢಿ, ಸಲಹೆಗೆ ಸ್ಟ್ಯಾಂಪು ಬೇಡವಲ್ಲ. ರಾತ್ರಿ ಊಟ ಬಿಟ್ಟರೆ ಬೆಳಿಗ್ಗೆ ಸಕ್ಕರೆ ತಾನೇ ಇಳಿಯುತ್ತದೆ, ಮೇಲಿನ ಬೀದಿಯಲ್ಲಿ ಒಬ್ಬರಿಗೆ ಇಳಿದಿದೆ ಎಂದು ಹೇಳಿದರು. ಹೇಳಿ, ಒಂದು ಬೂದು ಬಣ್ಣದ ಕೋಟಿನ ಬಟ್ಟೆಯನ್ನೂ ಕಾಲರಿಗೆಂದು ಒಂದು ಕಪ್ಪು ತುಂಡನ್ನೂ ಮೇಜಿನ ಮೇಲಿಟ್ಟರು. ತಿಂಗಳ ಕೊನೆಯ ಶನಿವಾರ ಅವರಿಗೆ ನಿವೃತ್ತಿ. ಮೂವತ್ತೈದು ವರ್ಷ ಖಾಕಿ ಹಾಕಿದ ಮೈಗೆ ಅವತ್ತೊಂದು ದಿನವಾದರೂ ಕೋಟು ಬೇಕು, ಅದನ್ನು ಗೆಳೆಯನೇ ಹೊಲಿಯಬೇಕು. ಬಟ್ಟೆ ಅಂಗಡಿಯಲ್ಲಿ ಆ ಬೂದು ಬಣ್ಣದ್ದು ಅದೇ ಕೊನೆಯ ತುಂಡಂತೆ.

ಅಂಚೆಯಣ್ಣನ ಸಲಹೆ ಅರ್ಧಿಂಚಣ್ಣನಿಗೆ ಸರಿಯಾಗಿಯೇ ಕಂಡಿತು. ದರ್ಜಿಯ ತಲೆ ಅಲ್ಲವೇ. ಉದ್ದ ಇದ್ದರೆ ಕತ್ತರಿಸು, ಇನ್ನೂ ಉದ್ದ ಇದ್ದರೆ ಇನ್ನೂ ಕತ್ತರಿಸು. ಮೊದಲ ದಿನ ರಾತ್ರಿಯ ಅನ್ನ ಅರ್ಧ ಮಾಡಿದರು. ಬೆಳಿಗ್ಗೆ ಅಂಕಿ ಇಳಿಯಲಿಲ್ಲ. ಅನ್ನವನ್ನೇ ಬಿಟ್ಟರು. ಇಳಿಯಲಿಲ್ಲ. ಇಡೀ ಊಟ ಬಿಟ್ಟರು. ನೂರ ಎಂಬತ್ತೆರಡು ಬಂತು. ಹೊಟ್ಟೆಗೇನೂ ಇಲ್ಲದೆ ಮಾತ್ರೆ ನುಂಗಬೇಡಿ ಎಂದು ಹೆಂಡತಿ ಹೇಳಿ ಹೇಳಿ ಸೋತರು. ಮಾತ್ರೆ ಸಕ್ಕರೆಗೆ ಕೊಟ್ಟದ್ದು, ಊಟಕ್ಕಲ್ಲ ಎಂಬುದು ಇವರ ವಾದ. ಕೊನೆಗೆ ಒಂದು ಗುರುವಾರ ಬೆಳಗಿನ ತಿಂಡಿಯನ್ನೂ ಕತ್ತರಿಸಿದರು. ಮಾತ್ರೆ ಮಾತ್ರ ನುಂಗಿ, ಅಂಚೆಯಣ್ಣನ ಕೋಟಿನ ಬಟ್ಟೆ ಹಾಸಿ, ಸೀಮೆಸುಣ್ಣ ಹಿಡಿದರು.

ಹತ್ತೂವರೆಯ ಹೊತ್ತಿಗೆ ಆರೋಗ್ಯ ಕೇಂದ್ರದ ನರ್ಸ್ ತಮ್ಮ ಯೂನಿಫಾರಂ ತೆಗೆದುಕೊಂಡು ಹೋಗಲು ಬಂದರು. ಬಾಗಿಲಲ್ಲೇ ನಿಂತರು. ಅರ್ಧಿಂಚಣ್ಣನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಕೈ ನಡುಗುತ್ತಿತ್ತು. ಮೇಜಿನ ಮೇಲೆ ಜೋಡಿಸಿ ಕತ್ತರಿಸಿದ ಕೋಟಿನ ಎರಡು ತೋಳು. ಎರಡೂ ಎರಡೆರಡು ಇಂಚು ಗಿಡ್ಡ. ಅರ್ಧ ಇಂಚು ಹೆಚ್ಚು ಬಿಡುವ ಮನುಷ್ಯ ಎರಡು ಇಂಚು ನುಂಗಿಹಾಕಿದ್ದರು, ಅದನ್ನೇ ದಿಟ್ಟಿಸಿ ನೋಡುತ್ತಾ ನಿಂತಿದ್ದರು.

ನರ್ಸ್ ಅವರನ್ನು ಕುರ್ಚಿಗೆ ಕೂರಿಸಿ, ಮೊದಲು ಕೈ ತೊಳೆಸಿ ಒರೆಸಿ, ಬೆರಳಿಗೆ ಸೂಜಿ ಹಾಕಿದರು. ಈ ಸಲ ಅರ್ಧಿಂಚಣ್ಣ ಕಣ್ಣನ್ನೂ ಮುಚ್ಚಲಿಲ್ಲ. ಅಷ್ಟು ಸುಸ್ತು.

ಅರವತ್ತೊಂದು.

"ಅತ್ತಿಗೆ, ನೀರಲ್ಲಿ ಮೂರು ಚಮಚ ಸಕ್ಕರೆ ಕದಡಿ ಬೇಗ ತನ್ನಿ," ಎಂದರು ನರ್ಸ್.

"ಸಕ್ಕರೆನಾ?" ಎಂದು ಹೆಂಡತಿ ಗಾಬರಿಯಾದರು. "ಸಕ್ಕರೆ ಕಾಯಿಲೆಯವರಿಗೆ?"

"ಈಗ ಇವರಿಗೆ ಸಕ್ಕರೆ ಜಾಸ್ತಿ ಆಗಿಲ್ಲ ಅತ್ತಿಗೆ, ಪಾತಾಳಕ್ಕೆ ಇಳಿದಿದೆ. ಎಪ್ಪತ್ತಕ್ಕಿಂತ ಕೆಳಗೆ ಹೋದರೆ ಅಪಾಯ. ಎಚ್ಚರ ಇದ್ದಾರೆ, ನುಂಗ್ತಾರೆ, ಹಾಗಾಗಿ ಬಾಯಿಗೆ ಕೊಡ್ತಾ ಇದ್ದೀವಿ. ಎಚ್ಚರ ತಪ್ಪಿದ್ರೆ ಬಾಯಿಗೆ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೇ."

ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಎಂಬತ್ತೆಂಟು. ಆಮೇಲೆ ಒಂದು ಮೊಟ್ಟೆ, ಎರಡು ಬ್ರೆಡ್ಡು ತಿನ್ನಿಸಿದರು. ಅರ್ಧಿಂಚಣ್ಣನ ಮುಖಕ್ಕೆ ಬಣ್ಣ ಬಂತು. ಬಣ್ಣದ ಜೊತೆ ದುಃಖವೂ ಬಂತು.

"ಸಿಸ್ಟರಮ್ಮ, ನನ್ನ ಗೆಳೆಯನಿಗೆ ಏನು ಹೇಳ್ಲಿ? ಮೂವತ್ತೆರಡು ವರ್ಷದಲ್ಲಿ ಒಂದು ತೋಳೂ ಕೆಡಿಸಿದವನಲ್ಲ ನಾನು."

ಹೆಂಡತಿ ಮೇಜಿನ ಮೇಲಿದ್ದ ದೊಡ್ಡ ಕತ್ತರಿಯನ್ನು ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಬೆಳಗಿನ ಸಕ್ಕರೆ ದಾರಿಗೆ ಬರಲಿ, ಆಮೇಲೆ ಕತ್ತರಿ. ಇವತ್ತು ಬಟ್ಟೆ ಹೋಯ್ತು. ನಾಳೆ ನಿಮ್ಮ ಬೆರಳು ಹೋದ್ರೆ ನಾನು ಯಾವುದಕ್ಕೆ ಕಾಜಾ ಹಾಕ್ಲಿ?"

ಕೋಟು ಕೊಡಬೇಕಾದ ಶನಿವಾರಕ್ಕೆ ಇನ್ನು ಹದಿನಾರು ದಿನ.

ಅದೇ ಮಧ್ಯಾಹ್ನ ಮೂವರೂ ಡಾಕ್ಟರ ಹತ್ತಿರ ಹೋದರು. ಡಾಕ್ಟರು ಎಲ್ಲ ಕೇಳಿದರು. ಮಾತ್ರೆ ಬದಲಾಯಿಸುವ ಮೊದಲು ಅವರಿಗೆ ಒಂದು ವಿಷಯ ಗೊತ್ತಾಗಬೇಕಿತ್ತು, ರಾತ್ರಿ ಮಲಗುವಾಗ ಎಷ್ಟಿರುತ್ತದೆ. ಅರ್ಧಿಂಚಣ್ಣ ತಲೆ ಕೆರೆದುಕೊಂಡರು. ನೋಡಿಯೇ ಇರಲಿಲ್ಲ. ಬೆಳಿಗ್ಗೆ ಮಾತ್ರ ನೋಡುತ್ತಿದ್ದರು.

ದಾರಿಯಲ್ಲಿ ವಾಪಸು ಬರುವಾಗ ನರ್ಸ್ ಕೇಳಿದರು, "ಅಣ್ಣ, ಯಾರಾದ್ರೂ ಬಂದು ಬರೀ ಕುತ್ತಿಗೆ ಅಳತೆ ಕೊಟ್ಟು ಕೋಟು ಹೊಲಿ ಅಂದ್ರೆ ಹೊಲೀತೀರಾ?"

"ಅದು ಹೇಗಾಗುತ್ತೆ? ಎದೆ ಬೇಕು, ಭುಜ ಬೇಕು, ತೋಳು ಬೇಕು."

"ಮತ್ತೆ ನೀವು ಬರೀ ಬೆಳಗಿನ ಆರು ಗಂಟೆ ಅಳತೆ ಹಿಡ್ಕೊಂಡು ಊಟಕ್ಕೆ ಕತ್ತರಿ ಹಾಕಿದ್ರಲ್ಲ?"

ಅರ್ಧಿಂಚಣ್ಣ ನಡೆಯುವುದನ್ನೇ ನಿಲ್ಲಿಸಿದರು. ಮೂವತ್ತೆರಡು ವರ್ಷದ ದರ್ಜಿಗೆ ಎಲ್ಲಿ ತಾಗಬೇಕೋ ಅಲ್ಲೇ ತಾಗಿತ್ತು.

ಅವತ್ತಿನಿಂದ ರಾತ್ರಿ ಊಟ ಮತ್ತೆ ಶುರುವಾಯಿತು, ಏಳೂವರೆಗೆ, ಮಾತ್ರೆಯ ಜೊತೆ. ಡಾಕ್ಟರು ಹೇಳಿದ ಹಾಗೆ ಮೂರು ದಿನ ಮೂರು ಹೊತ್ತು ಅಳತೆ: ಮಲಗುವಾಗ, ನಸುಕಿನ ಮೂರಕ್ಕೆ, ಎದ್ದ ಕೂಡಲೇ. ಮೂರು ಗಂಟೆಗೆ ಅಲಾರಾಂ ಇಟ್ಟು ಎದ್ದದ್ದು ಹೆಂಡತಿ. ಬರೆಯಲು ಹಾಳೆ ಹುಡುಕಿದರು. ಸಿಕ್ಕಿದ್ದು ಅಳತೆ ಪುಸ್ತಕ. ಪುಟ ತಿರುಗಿಸುವಾಗ ಒಂದು ವಿಷಯ ಗಮನಕ್ಕೆ ಬಂತು. ಇಡೀ ಬೀದಿಗೆ ಪುಟ ಇದೆ, ಅರ್ಧಿಂಚಣ್ಣನಿಗೆ ಮಾತ್ರ ಇಲ್ಲ. ಹೆಂಡತಿ ಹೊಸ ಪುಟ ತೆಗೆದು ಮೇಲೆ "ನಮ್ಮವರು" ಎಂದು ಬರೆದರು.

ನಾಲ್ಕನೆಯ ದಿನ ನರ್ಸ್ ಬಂದು ಆ ಪುಟ ನೋಡಿದರು. ಮಲಗುವಾಗ ನೂರ ಮೂವತ್ತೆಂಟು. ಮೂರು ಗಂಟೆಗೆ ನೂರ ಮೂವತ್ತು. ಬೆಳಿಗ್ಗೆ ನೂರ ಎಪ್ಪತ್ತಾರು. ಮೂರೂ ದಿನ ಹೆಚ್ಚುಕಡಿಮೆ ಇದೇ ಕಥೆ.

"ನೋಡಿ, ಮಲಗುವಾಗ ಸರಿ ಇದೆ, ಮೂರಕ್ಕೂ ಸರಿ ಇದೆ," ಎಂದರು ನರ್ಸ್. "ಏರೋದೆಲ್ಲ ಆಮೇಲೆ. ಅಂದ್ರೆ ತಪ್ಪು ನಿಮ್ಮ ಊಟದ ತಟ್ಟೇದಲ್ಲ."

"ಮತ್ತೆ ಯಾರದು?"

"ಅಂಗಡಿ ಬಾಗಿಲು ತೆಗೆಯೋ ಮುಂಚೆನೇ ಅತ್ತಿಗೆ ಇಸ್ತ್ರಿ ಪೆಟ್ಟಿಗೆ ಕಾಯೋಕೆ ಇಡ್ತಾರಲ್ಲ? ಮೈಯೂ ಹಾಗೇನೇ. ನಾವು ಏಳೋ ಮುಂಚೆನೇ ಲಿವರು ದಿನದ ಕೆಲಸಕ್ಕೆ ಅಂತ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಬಿಡುತ್ತೆ. ಎಲ್ಲರಿಗೂ ಬಿಡುತ್ತೆ, ನನಗೂ ಬಿಡುತ್ತೆ. ಸಕ್ಕರೆ ಕಾಯಿಲೆ ಇಲ್ಲದವರಿಗೆ ಇನ್ಸುಲಿನ್ ಅದನ್ನ ಹಿಡಿತದಲ್ಲಿ ಇಡುತ್ತೆ. ನಿಮಗೆ ಆ ಹಿಡಿತ ಸಡಿಲ. ಅಷ್ಟೇ."

"ಅಂದ್ರೆ ಕನಸಲ್ಲಿ ತಿಂದಿದ್ದು ನಾನಲ್ಲ, ನನ್ನ ಲಿವರು," ಎಂದರು ಅರ್ಧಿಂಚಣ್ಣ. ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕರು. ಒಂದು ತಿಂಗಳಲ್ಲಿ ಆ ಮನೆಯಲ್ಲಿ ಅಂಕಿ ನೋಡಿದ ಮೇಲೆ ಕೇಳಿದ ಮೊದಲ ನಗು ಅದು.

ಪುಸ್ತಕ ನೋಡಿ ಡಾಕ್ಟರು ಮಾತ್ರೆಯನ್ನೂ ಅದನ್ನು ತೆಗೆದುಕೊಳ್ಳುವ ಹೊತ್ತನ್ನೂ ಬದಲಿಸಿದರು. ಎಲ್ಲರಿಗೂ ಇದೇ ಬದಲಾವಣೆ ಅಲ್ಲ, ಒಬ್ಬೊಬ್ಬರ ಮೈಗೆ ಒಂದೊಂದು, ನೀವಾಗಿ ನೀವೇ ಕೂಡಿಸಿ ಕಳೆದು ಮಾಡಬೇಡಿ ಎಂದು ಎರಡು ಸಲ ಹೇಳಿದರು. ಉಳಿದದ್ದು ಮನೆಯ ಕೆಲಸ. ತಟ್ಟೆಯಲ್ಲಿ ಅರ್ಧ ಭಾಗ ತರಕಾರಿ, ಕಾಲು ಭಾಗ ಕಾಳು ಅಥವಾ ಮೊಟ್ಟೆ, ಉಳಿದ ಕಾಲು ಭಾಗ ಅನ್ನ. ಊಟವಾದ ಮೇಲೆ ಬಸ್ ನಿಲ್ದಾಣದವರೆಗೆ ಹೋಗಿ ಬರುವುದು, ಇಪ್ಪತ್ತು ನಿಮಿಷ. ಹತ್ತಕ್ಕೆ ನಿದ್ದೆ. ಬೆಳಿಗ್ಗೆ ತಿಂಡಿ ತಪ್ಪಿಸುವ ಹಾಗಿಲ್ಲ.

ಗಂಡ ಹೆಂಡತಿ ಜೋಡಿಯಾಗಿ ನಡೆಯುವುದನ್ನು ಕಂಡು ಬೀದಿಯವರು ಛೇಡಿಸದೆ ಬಿಡಲಿಲ್ಲ. ಬಸ್ ನಿಲ್ದಾಣದವರೆಗೆ ಹೋಗ್ತೀರಿ, ಬಸ್ಸು ಮಾತ್ರ ಹತ್ತಲ್ಲ, ಇದೆಂಥ ಪ್ರಯಾಣ ಎಂದು ಕೇಳಿದವರಿಗೆ ಹೆಂಡತಿ ಸೊಂಟದ ಬೀಗದ ಕೈ ತೋರಿಸಿದರು. ಕತ್ತರಿ ಬಿಡಿಸೋಕೆ ಹೋಗ್ತಾ ಇದ್ದೀವಿ ಎಂದರು.

ಅಂಕಿ ಇಳಿಯತೊಡಗಿತು. ನೂರ ಅರವತ್ತೆಂಟು. ನೂರ ಐವತ್ತೈದು. ನೂರ ನಲವತ್ತೊಂದು. ಒಂದು ದಿನ ಯಾರದೋ ಮನೆಯಲ್ಲಿ ತಡವಾಗಿ ಊಟ ಮಾಡಿ, ಸಿಹಿ ತಿಂದು, ನಡಿಗೆ ತಪ್ಪಿಸಿದರು. ಮರುದಿನ ನೂರ ಎಪ್ಪತ್ತು. ಅರ್ಧಿಂಚಣ್ಣ ತಕ್ಷಣ, ಇವತ್ತು ರಾತ್ರಿ ನನಗೆ ಊಟ ಬೇಡ ಎಂದರು. ಹಳೇ ಚಾಳಿ.

ಹೆಂಡತಿ ಟೇಪನ್ನು ಅವರ ಕೊರಳಿಗೆ ಹಾಕಿ ಹೇಳಿದರು, "ಒಂದು ಅಳತೆ ನೋಡಿ ಕತ್ತರಿ ಹಾಕಬೇಡಿ. ಎದೆ ಬೇಕು, ಭುಜ ಬೇಕು ಅಂತ ಸಿಸ್ಟರಿಗೆ ಹೇಳಿದ್ದು ನೀವೇ ಅಲ್ವಾ?"

ಊಟ ಮಾಡಿದರು. ನಡೆದರು. ಮರುದಿನ ನೂರ ಮೂವತ್ತೆಂಟು.

ಕೋಟು ಕೊಡಲು ಎರಡೇ ದಿನ ಉಳಿದಿದ್ದ ಗುರುವಾರ ಬೆಳಿಗ್ಗೆ ಮೀಟರಿನಲ್ಲಿ ನೂರ ಇಪ್ಪತ್ತಾರು ಬಂತು. ಡಾಕ್ಟರು ಅವರಿಗೆ ಇಟ್ಟಿದ್ದ ಗುರಿ ನೂರ ಮೂವತ್ತರೊಳಗೆ. ಹೆಂಡತಿ ಎದ್ದು ಹೋಗಿ ಬೀರು ತೆಗೆದರು. ಕತ್ತರಿಯನ್ನು ಸೆರಗಿನಿಂದ ಒರೆಸಿ ಮೇಜಿನ ಮೇಲಿಟ್ಟರು. ಅದರ ಪಕ್ಕದಲ್ಲಿ ತಿಂಡಿಯ ತಟ್ಟೆ.

"ಮೊದಲು ಇದು," ಎಂದರು, ತಟ್ಟೆ ತೋರಿಸಿ.

ತಿಂದು ಮುಗಿಸಿ ಅರ್ಧಿಂಚಣ್ಣ ಗಿಡ್ಡ ತೋಳುಗಳನ್ನು ಹಾಸಿದರು. ಬೂದು ಬಟ್ಟೆಯೆಲ್ಲ ಹಿಂದಿನ ಆ ಗುರುವಾರವೇ ಕತ್ತರಿಸಿ ಮುಗಿದಿತ್ತು. ಆದರೆ ಕಾಲರಿಗೆಂದು ತಂದಿದ್ದ ಕಪ್ಪು ಬಟ್ಟೆಯಲ್ಲಿ ಉಳಿಕೆ ಇತ್ತು. ಅಳೆದರು. ಇನ್ನೊಮ್ಮೆ ಅಳೆದರು. ಎರಡು ತೋಳಿಗೂ ಎರಡೆರಡು ಇಂಚಿನ ಕಪ್ಪು ಪಟ್ಟಿ, ಜೊತೆಗೆ ಹೊಲಿಗೆಗೆ ಅಂತ ಅರ್ಧ ಇಂಚು. ಕೈ ನಡುಗಲಿಲ್ಲ. ಕತ್ತರಿ ಗೆರೆ ಬಿಟ್ಟು ಕದಲಲಿಲ್ಲ.

ಶನಿವಾರ ಬೆಳಿಗ್ಗೆ ಅಂಚೆಯಣ್ಣ ಕೋಟು ತೊಟ್ಟು ಕನ್ನಡಿ ಮುಂದೆ ನಿಂತರು. ಕಪ್ಪು ಕಾಲರು, ತೋಳ ತುದಿಯಲ್ಲಿ ಕಪ್ಪು ಪಟ್ಟಿ. ಹಿಂದೆ ನೋಡಿದರು, ಮುಂದೆ ನೋಡಿದರು, ತೋಳು ಎತ್ತಿ ನೋಡಿದರು.

"ಈ ಪಟ್ಟಿ ಬಲು ಚೆನ್ನಾಗಿದೆ ಕಣೋ. ಎಲ್ಲಿ ಕಲಿತೆ?"

"ನಿನ್ನ ಸಲಹೆಯಿಂದ," ಎಂದರು ಅರ್ಧಿಂಚಣ್ಣ. ಆಮೇಲೆ ಕೂತು ನಡೆದದ್ದೆಲ್ಲ ಹೇಳಿದರು, ಅರವತ್ತೊಂದರಿಂದ ಹಿಡಿದು ಬೀಗದ ಕೈಯವರೆಗೆ.

ಅಂಚೆಯಣ್ಣ ತೋಳಿನ ಪಟ್ಟಿಯನ್ನು ಸವರಿದರು. ಮೇಲಿನ ಬೀದಿಯ ಮನುಷ್ಯನಿಗೆ ಇಳಿದಿತ್ತು ಅಂತ ಯಾರೋ ಹೇಳಿದ್ದರು, ತಾನು ಕೇಳಿದ್ದಷ್ಟೇ, ನೋಡಿದ್ದಲ್ಲ ಎಂದು ಒಪ್ಪಿಕೊಂಡರು. ಆಮೇಲೆ ಮೆಲ್ಲಗೆ ಕೋಟಿನ ತೋಳು ಮೇಲೆ ಸರಿಸಿ ಬೆರಳು ಚಾಚಿದರು.

"ನನ್ನದೂ ಒಂದು ಸಲ ನೋಡಿಬಿಡು. ಇಷ್ಟು ವರ್ಷ ಬೇರೆಯವರ ಕಾಗದ ಹಂಚಿದ್ದೇ ಆಯ್ತು, ನನ್ನದನ್ನ ಒಡೆದು ನೋಡೇ ಇಲ್ಲ."

"ಮೊದಲು ಕೈ ತೊಳ್ಕೊಂಡು ಬಾ," ಎಂದರು ಅರ್ಧಿಂಚಣ್ಣ. ಹೆಂಡತಿ ಅಳತೆ ಪುಸ್ತಕದಲ್ಲಿ ಅಂಚೆಯಣ್ಣನ ಪುಟ ತೆಗೆದರು. ಎದೆ, ಭುಜ, ತೋಳು ಎಲ್ಲ ಇತ್ತು. ಅದರ ಕೆಳಗೆ ಸಕ್ಕರೆಯ ಅಂಕಿಗೆಂದು ಒಂದು ಹೊಸ ಸಾಲು ಎಳೆದರು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಯಾರದೋ ಬೆಳಗಿನ ಸಕ್ಕರೆ ಹೀಗೆ ಹಠ ಹಿಡಿದಿರಬಹುದು. ಅದಕ್ಕೆ ಸಿಟ್ಟು ಮಾಡಿಕೊಂಡು ಊಟಕ್ಕೆ ಕತ್ತರಿ ಹಾಕಬೇಡಿ. ಹೊಟ್ಟೆ ಖಾಲಿ ಇಟ್ಟು ಮಾತ್ರೆ ನುಂಗಬೇಡಿ, ಇನ್ಸುಲಿನ್ ಚುಚ್ಚಿಕೊಳ್ಳುವವರಂತೂ ಇನ್ನೂ ಹುಷಾರು. ಮೈ ಬೆವತು, ಕೈ ನಡುಗಿ, ಕಣ್ಣು ಮಂಜಾದರೆ ಆ ಕ್ಷಣವೇ ಸಕ್ಕರೆ ನೀರು ಕುಡಿಯಿರಿ, ಆಮೇಲೆ ಡಾಕ್ಟರಿಗೆ ಹೇಳಿ. ಇವತ್ತು ರಾತ್ರಿಯೇ ಒಂದು ಹಳೇ ನೋಟುಬುಕ್ಕು ಹುಡುಕಿ, ನಿಮ್ಮ ಹೆಸರಿಗೆ ಒಂದು ಪುಟ ತೆಗೆಯಿರಿ. ಮಲಗುವಾಗಿನದು, ಬೆಳಗಿನದು, ಡಾಕ್ಟರು ಹೇಳಿದರೆ ನಡುರಾತ್ರಿಯದು, ಎಲ್ಲ ಬರೆದು ಆರೋಗ್ಯ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ. ಬೀದಿಯವರ ಅಳತೆಯೆಲ್ಲ ಗೊತ್ತಿದ್ದು, ನಮ್ಮದೇ ಗೊತ್ತಿಲ್ಲ ಅಂತ ಆಗುವುದು ಬೇಡ. ಪೂರ್ತಿ ಅಳೆಯಿರಿ, ಹೊತ್ತಿಗೆ ಸರಿಯಾಗಿ ಉಣ್ಣಿ, ಉಂಡ ಮೇಲೆ ಒಂದಿಷ್ಟು ದೂರ ನಡೆಯಿರಿ. ಬಸ್ಸು ಹತ್ತದಿದ್ದರೂ ಪರವಾಗಿಲ್ಲ.