ಬಾಗಿಲು ನೇರವಾಗಿತ್ತು

"ಉಸಿರು ಬಿಗಿಹಿಡಿಯಮ್ಮ. ರೆಪ್ಪೆ ಬಡೀಬೇಡ," ಎಂದ ಹಿರಿಮಗ, ಕ್ಯಾಮೆರಾಕ್ಕೆ ಅಂಟಿಸಿದ ಕಣ್ಣನ್ನು ತೆಗೆಯದೆಯೇ.

"ಸತ್ತವಳ ಹಾಗೆ ಕೂತ್ಕೋ ಅನ್ನು, ಅದೊಂದು ಬಾಕಿ," ಎಂದಳು ತಾಯಿ. "ಉತ್ತ ಹೊಲದ ಹಾಗಿದೆ ನನ್ನ ಮುಖ. ಇದರಲ್ಲಿ ಏನು ಹುಡುಕ್ತೀರೋ ನೀವಿಬ್ರೂ?"

"ಅದಕ್ಕೇ ನೀನು ಬೇಕಾಗಿರೋದು. ಯಾರ ಸೆನ್ಸರ್ ಎಷ್ಟು ಸುಕ್ಕು ನುಂಗುತ್ತೆ, ಯಾರದ್ದು ಎಷ್ಟು ಉಗುಳುತ್ತೆ, ಇವತ್ತು ತೀರ್ಮಾನ ಆಗಿಬಿಡ್ಲಿ."

ಸ್ಟುಡಿಯೋದ ಹಿಂದಿನ ಕೋಣೆ ಅದು. ಕಿಟಕಿಗೆ ಕಪ್ಪು ಬಟ್ಟೆ ಬಿಗಿದಿದ್ದರು. ಬಟ್ಟೆಯ ಸಂದಿಯಿಂದ ಒಂದು ಎಳೆ ಬೆಳಕು ಬಂದು ತಾಯಿಯ ಕೆನ್ನೆಯ ಮೇಲೆ ಬಿದ್ದು, ಇನ್ನು ಮುಂದೆ ಹೋಗಲೋ ಬೇಡವೋ ಎಂದು ಅಲ್ಲೇ ನಿಂತಿತ್ತು. ಮಧ್ಯಾಹ್ನದ ಊಟದ ತಟ್ಟೆಗಳನ್ನು ಇನ್ನೂ ತೊಳೆದಿರಲಿಲ್ಲ.

ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಣಿಯೊಳಗೆ ಇರುತ್ತದೆ. ಈ ಅಣ್ಣತಮ್ಮಂದಿರ ಪ್ರಾಣ ಅಷ್ಟು ದೂರವೇನೂ ಇರಲಿಲ್ಲ. ಅಂಚೆಚೀಟಿಗಿಂತ ತುಸು ದೊಡ್ಡದಾದ, ಎಣ್ಣೆ ಬಿದ್ದ ನೀರಿನ ಹಾಗೆ ಬಣ್ಣಬಣ್ಣವಾಗಿ ಹೊಳೆಯುವ, ಕ್ಯಾಮೆರಾದೊಳಗೆ ಕೂತು ಚಿತ್ರ ಹಿಡಿಯುವ ಸೆನ್ಸರ್ ಎಂಬ ಒಂದು ಚೂರಿನಲ್ಲಿತ್ತು. ಅಣ್ಣನದು ಕೆಂಪು ಪಟ್ಟಿಯ ಕಂಪನಿ, ತಮ್ಮನದು ನೀಲಿ ಪಟ್ಟಿಯ ಕಂಪನಿ. ಎರಡೂ ಫುಲ್ ಫ್ರೇಮ್, ಎಂದರೆ ಸೆನ್ಸರಿನ ಅಳತೆ ಒಂದೇ. ಒಂದರ ಲೆನ್ಸ್ ಇನ್ನೊಂದಕ್ಕೆ ಕೂರುವುದಿಲ್ಲ, ಒಬ್ಬನ ಮಾತು ಇನ್ನೊಬ್ಬನ ಕಿವಿಗೆ ಕೂರುವುದಿಲ್ಲ. ಒಂದೇ ಅಂಗಡಿಯಲ್ಲಿ ಎರಡು ಜಾತಿಯ ಸಾಮಾನು ಇನ್ನು ಸಾಕು, ಸೋತವನು ತನ್ನದನ್ನು ಮಾರಿ ಗೆದ್ದವನ ಕಂಪನಿಗೆ ಬರಬೇಕು ಎಂದು ಬೆಳಿಗ್ಗೆ ಕೈಗೆ ಕೈ ಹೊಡೆದುಕೊಂಡಿದ್ದರು. ಪರೀಕ್ಷೆ ಸರಳ: ಬೇಕೆಂದೇ ಕತ್ತಲಲ್ಲಿ ತೆಗೆಯುವುದು, ಆಮೇಲೆ ಕಂಪ್ಯೂಟರಿನಲ್ಲಿ ಕತ್ತಲು ಎತ್ತುವುದು, ಎಂದರೆ ನೆರಳಲ್ಲಿ ಅಡಗಿದ್ದನ್ನು ಬೆಳಗಿಸುವುದು. ಎತ್ತಿದಾಗ ಮುಖ ಮುಖವಾಗಿಯೇ ಉಳಿದರೆ ಗೆದ್ದ. ರವೆ ಚೆಲ್ಲಿದ ಹಾಗೆ ಕಾಳುಕಾಳಾದರೆ ಸೋತ.

ಯಾವ ಹೊಸ ಕ್ಯಾಮೆರಾ ಮನೆಗೆ ಬಂದರೂ ಮೊದಲು ಕೂರುತ್ತಿದ್ದವಳು ತಾಯಿ. ಅವಳ ಕಿವಿಯೊಂದೇ, ಕಣ್ಣೊಂದೇ, ಗದ್ದದ ನರೆಗೂದಲೊಂದೇ ಇರುವ ಚಿತ್ರಗಳು ಆ ಮನೆಯಲ್ಲಿ ರಾಶಿ ಬಿದ್ದಿದ್ದವು. ಗೋಡೆಗೆ ತೂಗುಹಾಕುವಂಥದ್ದು ಒಂದೂ ಇರಲಿಲ್ಲ.

ಅಣ್ಣ ಮುಗಿಸಿ ಪಕ್ಕಕ್ಕೆ ಸರಿದ. ತಮ್ಮ ಮುಂದೆ ಬಂದು ಕುರ್ಚಿಯನ್ನು ಒಂದಿಷ್ಟು ತಿರುಗಿಸಿದ.

"ಏಯ್, ಕುರ್ಚಿ ಮುಟ್ಬೇಡ! ಮೋಸ!"

"ನೀನು ಮೊದಲು ಬೆಳಕಿಗೆ ಮುಖ ಕೊಡ್ಸಿದ್ದೆಯಲ್ಲ, ಅದೇನು ನ್ಯಾಯಾನಾ?"

ಕುರ್ಚಿ ಎಲ್ಲಿರಬೇಕು ಎಂಬುದಕ್ಕೇ ಒಂದು ಜಗಳವಾಯಿತು, ಬೆಳಕಿನ ಅಳತೆಗೆ ಇನ್ನೊಂದು. ಅವರು ಕಿತ್ತಾಡುತ್ತಿದ್ದಾಗ ತಾಯಿಯ ಎಡಗೈ ಮಡಿಲಿನಿಂದ ಜಾರಿ ಕುರ್ಚಿಯ ಪಕ್ಕಕ್ಕೆ ನೇತುಬಿತ್ತು. ತಮ್ಮ ಅದನ್ನೆತ್ತಿ ಮಡಿಲಲ್ಲಿಟ್ಟ. ಅದು ಮತ್ತೆ ಜಾರಿತು.

"ಕೈ ಇಲ್ಲೇ ಇಟ್ಕೊಳ್ಳಮ್ಮ."

"ಯಾಕೋ... ನಾಗೆ..." ಎಂದಳು ತಾಯಿ. ನಾಲಿಗೆ ಎನ್ನಲು ಹೊರಟ ಮಾತು ಬಾಯೊಳಗೇ ಮಗುಚಿಕೊಂಡಿತು.

"ಮಾತಾಡ್ಬೇಡ ಅಂದ್ನಲ್ಲ! ಬಾಯಿ ಅಲ್ಲಾಡುತ್ತೆ."

"ಬಿಡೋ, ಕೈ ಫ್ರೇಮಿಗೆ ಬರಲ್ಲ," ಎಂದ ಅಣ್ಣ, ಉದಾರವಾಗಿ.

ತಾಯಿ ಸುಮ್ಮನಾದಳು. ತಮ್ಮ ಒಂದರ ಹಿಂದೊಂದು ಹೊಡೆದ. ಇವತ್ತು ಅವಳು ಎಂದಿಗಿಂತಲೂ ಅಲುಗಾಡದೆ ಕೂತಿದ್ದಳು. "ನೋಡು, ಅಮ್ಮ ನನಗೆ ಹೇಗೆ ಕೂತ್ಕೊಡ್ತಾಳೆ, ಬಂಡೆ ಇದ್ದ ಹಾಗೆ," ಎಂದು ಅವನು ಹಿಗ್ಗಿದ. "ಇನ್ನೊಂದು ಸುತ್ತು ಇರುತ್ತೆ, ಏಳ್ಬೇಡ. ಪರದೆಗಿರದೆ ತೆಗೆದು ಬೆಳಕು ಕೆಡಿಸ್ಬೇಡ." ಬಾಗಿಲು ಮುಚ್ಚಿಕೊಂಡು ಇಬ್ಬರೂ ಮುಂದಿನ ಕೋಣೆಗೆ ಓಡಿದರು.

ಮುಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತವಳು ತಮ್ಮನ ಹೆಂಡತಿ. ಅಂಗಡಿಯ ಫೋಟೋಗಳನ್ನೆಲ್ಲ ತಿದ್ದುವುದು ಅವಳ ಕೆಲಸ. ಮೊಡವೆ ಒರೆಸುವುದು, ಜೋತ ರೆಪ್ಪೆ ಎತ್ತುವುದು, ದಪ್ಪ ತೋಳು ಕರಗಿಸುವುದು. ಮೌಸಿನ ತುದಿಯಲ್ಲಿ ಅವಳು ಎಷ್ಟು ಜನರನ್ನು ಚೆಂದ ಮಾಡಿದ್ದಳೆಂದರೆ, ರಸ್ತೆಯಲ್ಲಿ ಎದುರಾದವರ ಮೂಗನ್ನೂ ಅವಳ ಬೆರಳು ತಾನಾಗಿ ಸರಿಮಾಡಲು ಹೋಗುತ್ತಿತ್ತು.

ಅವಳು ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಕತ್ತಲು ಎತ್ತಿದಳು. ಇದ್ದಿಲ ಗುಡ್ಡೆಯೊಳಗಿಂದ ಎದ್ದು ಬಂದ ಹಾಗೆ ಇಬ್ಬರು ಅತ್ತೆಯರು ತೆರೆಯ ಮೇಲೆ ಬಂದರು.

"ನೋಡು ನಿಂದು, ನೆರಳಲ್ಲಿ ನೇರಳೆ ಬಣ್ಣ ಹತ್ತಿದೆ. ಅಮ್ಮನಿಗೆ ಯಾರೋ ಹೊಡೆದ ಹಾಗಿದೆ," ಎಂದ ಅಣ್ಣ.

"ನಿಂದರಲ್ಲಿ ಚರ್ಮವೇ ಇಲ್ಲ, ಮೇಣದ ಗೊಂಬೆ. ಸೆನ್ಸರೇ ಕದ್ದು ನುಣುಪು ಮಾಡುತ್ತೆ, ಊರಿಗೆಲ್ಲ ಗೊತ್ತು."

"ಊರು ಅಂದ್ರೆ ಯಾರು? ಕ್ಯಾಮೆರಾದ ಅಂಕಿಅಂಶ ಜಪಿಸೋ ನಿನ್ನ ಆ ಭಕ್ತರಾ?"

ಬೇರೆ ಅಂಗಡಿಗಳ ಫೋಟೋಗ್ರಾಫರುಗಳಿಗೆ ಫೋನ್ ಹೋಯಿತು, ಚಿತ್ರಗಳು ಹೋದವು. ಅತ್ತ ಒಬ್ಬ ಕೆಂಪಿಗೆ ಜೈ ಎಂದರೆ ಇತ್ತ ಒಬ್ಬ ನೀಲಿಗೆ. ನಡುವೆ ಗಿರಾಕಿಗಳು ಬಂದು ಹೋದರು. ಸೊಸೆ ಚಹಾ ಮಾಡಿ ಎಲ್ಲರಿಗೂ ಕೊಟ್ಟಳು. ಒಂದು ಲೋಟ ಹಿಡಿದು ಹಿಂದಿನ ಕೋಣೆಯ ಬಾಗಿಲು ತುಸುವೇ ಸರಿಸಿದಳು.

"ಅತ್ತೇ, ಚಹಾ."

ಕತ್ತಲೊಳಗಿಂದ "ಹೂಂ" ಎಂದಂತಾಯಿತು. ನಿದ್ದೆಗಣ್ಣಿನಲ್ಲಿದ್ದಾರೆ ಎಂದುಕೊಂಡು ಅವಳು ಲೋಟವನ್ನು ಪಕ್ಕದ ಸ್ಟೂಲಿನ ಮೇಲಿಟ್ಟು, ಬೆಳಕು ಒಳಗೆ ಬಾರದ ಹಾಗೆ ಬೇಗ ಬಾಗಿಲೆಳೆದಳು.

ಹೊರಗೆ ಬಿಸಿಲು ವಾಲಿತು. ಅಣ್ಣ ಚಿತ್ರವನ್ನು ಇನ್ನೂ ಹಿಗ್ಗಿಸಲು ಹೇಳಿದವನು ಇದ್ದಕ್ಕಿದ್ದಂತೆ ತೊಡೆ ತಟ್ಟಿ ನಕ್ಕ.

"ಲೋ! ನಿನ್ನ ಸೆನ್ಸರ್ ಅಮ್ಮನ ಬಾಯನ್ನೇ ಸೊಟ್ಟ ಮಾಡಿದೆಯಲ್ಲೋ!"

ನಿಜವಾಗಿಯೂ ಹಾಗೇ ಇತ್ತು. ಅಣ್ಣನ ಚಿತ್ರದಲ್ಲಿ ತುಟಿ ನೇರ. ತಮ್ಮನದರಲ್ಲಿ ಬಾಯಿಯ ಎಡತುದಿ ಇಳಿದು, ಆ ಕಡೆಯ ಕೆನ್ನೆ ಒದ್ದೆ ಬಟ್ಟೆಯಂತೆ ಜೋತಿತ್ತು.

"ಸೆನ್ಸರ್ ಯಾಕೆ ಸೊಟ್ಟ ಮಾಡುತ್ತೆ? ಅದು ಲೆನ್ಸಿನ ಅಂಚು, ಅಲ್ಲಿ ಬಂದಿದ್ದೆಲ್ಲ ಬಾಗುತ್ತೆ. ನೀನು ಕುರ್ಚಿ ವಿಷಯಕ್ಕೆ ಗಲಾಟೆ ಮಾಡ್ದೆ, ಅಮ್ಮ ಅಂಚಿಗೆ ಬಂದ್ಲು."

"ಕುಣಿಯಲಾರದವಳಿಗೆ ನೆಲ ಡೊಂಕು!"

ಅಷ್ಟರಲ್ಲಿ ಅಣ್ಣನಿಗೆ ಫೋನ್ ಬಂತು. ಅವನು ನಗುತ್ತಲೇ ಹೊಸಿಲು ದಾಟಿದ. ತಮ್ಮ ಹೆಂಡತಿಯ ಕಿವಿಗೆ ಬಗ್ಗಿದ. "ಸ್ವಲ್ಪ ಎತ್ತೇ, ಆ ಎಡಗಡೆ. ಬೇಗ. ಅವನ ಬಾಯಿ ಮುಚ್ಚಿಸ್ಬೇಕು."

"ಅದು ಮೋಸ ಅಲ್ವೇನ್ರೀ?"

"ಲೆನ್ಸಿನ ತಪ್ಪು ತಿದ್ದೋದು ಮೋಸಾನಾ? ನಿನ್ನ ಕೆಲಸವೇ ಅದು."

ಅವಳು ತಿದ್ದಿದಳು. ಮೌಸಿನ ತುದಿಯಿಂದ ಬಾಯಿಯ ಅಂಚನ್ನು ಹಿಡಿದು ಮೆಲ್ಲಗೆ ಮೇಲಕ್ಕೆ ತಳ್ಳಿದಳು. ಕೆನ್ನೆ ಸ್ವಸ್ಥಾನಕ್ಕೆ ಬಂತು. ಅತ್ತೆ ಮತ್ತೆ ಅತ್ತೆಯಾದರು. ತುಸು ನಕ್ಕ ಹಾಗೂ ಕಂಡರು.

ಅಣ್ಣ ಬಂದವನೇ ಕಣ್ಣು ಕಿರಿದಾಗಿಸಿ ನೋಡಿದ. ಅವನು ಇನ್ನಷ್ಟು ಜೋರಾಗಿ ನಕ್ಕ. "ಏನಮ್ಮಾ, ಗಂಡನಿಗೋಸ್ಕರ ಬಾಗಿಲನ್ನೇ ಬಗ್ಗಿಸಿಬಿಟ್ಟೆಯಲ್ಲ! ನೋಡು, ಅಮ್ಮನ ಹಿಂದೆ ಬಾಗಿಲ ಚೌಕಟ್ಟು ಬಿಲ್ಲಿನ ಹಾಗೆ ಬಾಗಿದೆ."

ಬಾಗಿತ್ತು. ತಿದ್ದುವವರೆಲ್ಲ ಸಿಕ್ಕಿಬೀಳುವುದೇ ಹೀಗೆ. ಮುಖವನ್ನು ಎಳೆದರೆ ಹಿಂದಿನದೂ ಜೊತೆಗೆ ಬರುತ್ತದೆ. ನಾಚಿಕೆಯಿಂದ ಅವಳು ತಾನು ಮಾಡಿದ್ದನ್ನು ಅಳಿಸಿದಳು. ಬಾಯಿ ಮತ್ತೆ ಇಳಿಯಿತು. ಬಾಗಿಲ ಚೌಕಟ್ಟು ಅಳತೆಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ನೇರವಾಗಿ ನಿಂತಿತು.

ಅವಳು ಅದನ್ನೇ ನೋಡುತ್ತಾ ಕೂತಳು. ಬಾಗಿಲು ನೇರ. ಕುರ್ಚಿಯ ಬೆನ್ನು ನೇರ. ಲೆನ್ಸ್ ಬಗ್ಗಿಸಿದ್ದರೆ ಎಲ್ಲವನ್ನೂ ಬಗ್ಗಿಸಬೇಕಿತ್ತು.

"ರೀ," ಎಂದಳು. "ರೀ... ಬಾಗಿಲು ನೇರ ಇದೆ."

"ಅದನ್ನೇ ನಾನೂ ಹೇಳ್ತಿರೋದು," ಎಂದ ಅಣ್ಣ. "ಲೆನ್ಸ್ ಸರಿಯಾಗಿದೆ. ಸೆನ್ಸರೇ—"

ಅವಳು ಎದ್ದು ಓಡಿದ ರಭಸಕ್ಕೆ ಕುರ್ಚಿ ಮಗುಚಿತು. ಹಿಂದಿನ ಕೋಣೆಯ ದೀಪ ಹಾಕಿದಾಗ ಅತ್ತೆ ಕೂರಿಸಿದ ಹಾಗೆಯೇ ಇದ್ದರು, ತುಸು ಎಡಕ್ಕೆ ವಾಲಿ. ಚಹಾದ ಮೇಲೆ ಕೆನೆ ಕಟ್ಟಿ ಸುಕ್ಕುಗಟ್ಟಿತ್ತು. ತೆರೆದ ಕಣ್ಣುಗಳು ಸೊಸೆಯನ್ನು ಕಂಡು ಏನನ್ನೋ ಹೇಳಿದವು. ಬಾಯಿ ಹೇಳಲಿಲ್ಲ. ಹೊರಗೆ ಬೀದಿದೀಪಗಳು ಹತ್ತಿಕೊಂಡವು.

ಆಸ್ಪತ್ರೆಯಲ್ಲಿ ವೈದ್ಯೆ ತೋಳುಗಳನ್ನು ಎತ್ತಿ ಬಿಟ್ಟು ನೋಡಿದಳು. ಬಲಗೈ ನಿಂತಿತು, ಎಡಗೈ ಬಿತ್ತು. ತಲೆಯ ಸ್ಕ್ಯಾನ್ ಆದ ಮೇಲೆ ಹೊರಗೆ ಬಂದಳು.

"ಶುರುವಾಗಿದ್ದು ಯಾವಾಗ? ಸರಿಯಾಗಿ ಹೇಳಿ. ಇದು ಪಾರ್ಶ್ವವಾಯು. ರಕ್ತದ ಹೆಪ್ಪು ಕರಗಿಸೋ ಔಷಧಿ ಇದೆ. ತಡವಾಗಿದ್ರೆ ಅದನ್ನ ಕೊಡೋಕಾಗಲ್ಲ, ಕೊಟ್ರೆ ತಲೆಯೊಳಗೆ ರಕ್ತ ಸೋರಿ ಜೀವಕ್ಕೇ ಕುತ್ತು ಬರುತ್ತೆ."

ಅಣ್ಣತಮ್ಮಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು. ಬೆಳಗಿನಿಂದ ಮೊದಲ ಸಲ ಇಬ್ಬರೂ ಒಂದೇ ಪಕ್ಷದಲ್ಲಿದ್ದರು.

"ಈಗಷ್ಟೇ," ಎಂದ ಅಣ್ಣ.

"ಹೌದು, ಈಗಷ್ಟೇ, ಸಂಜೆ," ಎಂದ ತಮ್ಮ.

"ಅಲ್ಲ," ಎಂದಳು ಸೊಸೆ.

ಗಂಡ ಅವಳ ಮೊಣಕೈ ಹಿಡಿದ. ಅವಳು ಬಿಡಿಸಿಕೊಂಡು ಮೊಬೈಲು ತೆಗೆದಳು. ಇತರ ಅಂಗಡಿಗಳಿಗೆಲ್ಲ ಕಳಿಸಿದ್ದ ಆ ಜೋಡಿಚಿತ್ರ ಅದರಲ್ಲಿತ್ತು. "ಊಟ ಆದ ತಕ್ಷಣ, ಕತ್ತಲು ಕೋಣೆಯಲ್ಲಿ ತೆಗೆದಿದ್ದು. ಇದು ಮೊದಲಿನದು, ಇದು ಆಮೇಲಿನದು."

ವೈದ್ಯೆ ಎರಡು ಬೆರಳಿನಿಂದ ಚಿತ್ರದ ಬಾಯಿಯನ್ನು ಹಿಗ್ಗಿಸಿ ನೋಡಿದಳು. ಬಹಳ ಹೊತ್ತು ನೋಡಿದಳು.

"ಕತ್ತಲಲ್ಲಿ ಯಾಕೆ ಕೂರಿಸಿದ್ರಿ?"

ಅಣ್ಣ ಪಕ್ಕಕ್ಕೆ ತಿರುಗಿ ಗೋಡೆಯ ಮೇಲಿನ ಸೂಚನೆ ಓದತೊಡಗಿದ.

"ಇದನ್ನ ನೋಡಿದಾಗ ಏನಂದ್ಕೊಂಡ್ರಿ?"

"ಲೆನ್ಸ್ ಅಂದ್ಕೊಂಡೆ," ಎಂದ ತಮ್ಮ.

ವೈದ್ಯೆ ಮೊಬೈಲು ಹಿಂದಿರುಗಿಸಿದಳು. "ಆಗಲೇ ಬಂದಿದ್ರೆ ಕೊಡಬಹುದಿತ್ತು. ಈಗ ಆಗಲ್ಲ. ಎಡಭಾಗ ವಾಪಸ್ ಬರುತ್ತೆ ಅಂತ ನಂಬ್ಕೋಬೇಡಿ. ಮಾತೂ ಅಷ್ಟೇ." ಅವಳ ಚಪ್ಪಲಿಯ ಸದ್ದು ಉದ್ದನೆಯ ಕಾರಿಡಾರಿನಲ್ಲಿ ದೂರವಾಗುತ್ತಾ ಹೋಯಿತು.

ತಾಯಿಯನ್ನು ಮಲಗಿಸಿದ ಹಾಸಿಗೆಯ ಕಾಲಬಳಿ ಇಬ್ಬರೂ ನಿಂತರು. ಸೊಸೆ ತಲೆಯ ಬಳಿ ಕೂತಳು. ಅಣ್ಣ ಬಗ್ಗಿ ಹೊದಿಕೆಯ ಅಂಚು ಸರಿಮಾಡುತ್ತಿದ್ದ. ತಮ್ಮ ನೆಲ ನೋಡುತ್ತಿದ್ದ. ಅವನ ಮುಖದಲ್ಲಿ ಏನೋ ಒಂದು ಲೆಕ್ಕ ನಿಧಾನವಾಗಿ ಕೂಡಿಬರುತ್ತಿತ್ತು.

"ಅಂದ್ರೆ," ಎಂದ, ಪಿಸುದನಿಯಲ್ಲಿ. "ಅಂದ್ರೆ ಸೆನ್ಸರಿನ ತಪ್ಪಲ್ಲ."

ಅಣ್ಣ ತಲೆಯೆತ್ತಿದ.

"ಅಷ್ಟು ಕತ್ತಲಲ್ಲೂ ಸರಿಯಾಗೇ ತೋರಿಸಿದೆ. ಇದ್ದಿದ್ದು ಇದ್ದ ಹಾಗೆ."

"ಹೂಂ," ಎಂದ ಅಣ್ಣ. "ಅದು ಒಪ್ಪಬೇಕಾದ್ದೇ."

ತಾಯಿಯ ಬಾಯಿಯ ಎಡತುದಿಯಿಂದ ಜೊಲ್ಲಿನ ಸಣ್ಣ ಗೆರೆಯೊಂದು ಇಳಿಯಿತು. ಸೊಸೆ ಕರವಸ್ತ್ರದಿಂದ ಒರೆಸಿದಳು. ಬೆರಳಿಗೆ ತಾಗಿದ ತುಟಿಯ ಅಂಚನ್ನು ತನಗೇ ಅರಿವಿಲ್ಲದೆ ಮೆಲ್ಲಗೆ ಮೇಲಕ್ಕೆ ತಳ್ಳಿ, ಕ್ಷಣಹೊತ್ತು ಹಿಡಿದುಕೊಂಡಳು. ಬಿಟ್ಟಾಗ ಅದು ಇಳಿಯಿತು.